ಕೆಂಪು ಬಿಳಿ ಗಂಟಿನ ಪೊಟ್ಟಣ

ಕಷ್ಟಕ್ಕೆಲ್ಲ ಮೂಲ ಒಂದು ಬಾನಾಡಿ ಹಕ್ಕಿ.

ಹೋದ ಭಾನುವಾರ ನದಿದಂಡೆಯ ಮೈದಾನದಲ್ಲಿ ‘ಮಿದೋರಿಬಾಶಿ ಕರಡಿಗಳು’ ಎಂಬ ಮಕ್ಕಳ ಬೇಸ್‌ಬಾಲ್ ತಂಡ ಪಕ್ಕದ ಊರಿನವರ ಜೊತೆ ಆಡುತ್ತಿತ್ತು. ಗೆಲ್ಲಲು ಒಂದೇ ಒಂದು ಕ್ಯಾಚು ಬಾಕಿ. ಚೆಂಡು ಮೇಲೆದ್ದು, ಬಲಮೂಲೆಯಲ್ಲಿ ನಿಂತಿದ್ದ ನಾಲ್ಕನೇ ತರಗತಿಯ ಇತ್ಸುಕಿಯ ಕಡೆಗೆ, ಮಾವನ ಮನೆಗೆ ಬರುವ ಹೊಸ ಅಳಿಯನಂತೆ ಸಾವಕಾಶವಾಗಿ ಬಂತು. ಇತ್ಸುಕಿ ಕತ್ತೆತ್ತಿ ನೋಡುತ್ತಲೇ ಇದ್ದ. ನೋಡುತ್ತಿದ್ದದ್ದು ಮಾತ್ರ ಚೆಂಡನ್ನಲ್ಲ. ಹುಲ್ಲಿನಿಂದ ನೆಟ್ಟಗೆ ಮೇಲೇರಿ, ನೆಲಕ್ಕೂ ಮುಗಿಲಿಗೂ ನೂಲು ಹಾಕಿ ಹೊಲಿಯುವಂತೆ ಹಾಡುತ್ತಿದ್ದ ಬಾನಾಡಿಯನ್ನು. ಚೆಂಡು ಅವನ ಶೂ ಪಕ್ಕದಲ್ಲಿ ದೊಪ್ಪನೆ ಬಿತ್ತು. ಕರಡಿಗಳು ಸೋತವು.

ಕೋಚ್ ಇವಾಬುಚಿಯವರಿಗೆ ಪೇಟೆಯಲ್ಲಿ ಅಕ್ಕಿ ಅಂಗಡಿ. ಕತೆಯ ರಾಕ್ಷಸನ ಪ್ರಾಣ ಗಿಳಿಯಲ್ಲಿದ್ದಂತೆ ಅವರ ಪ್ರಾಣ ಈ ತಂಡದಲ್ಲಿತ್ತು. ಅವರು ಕೂಗಿದರೆ ನದಿಯಾಚೆಯ ನಾಯಿಗಳು ಬಾಲ ಮುದುರುತ್ತಿದ್ದವು. ಆ ದಿನ ಅವರು ಕೂಗಲಿಲ್ಲ. ಹತ್ತಿರ ಬಂದು ಮೆಲ್ಲಗೆ, “ಹಕ್ಕಿ ನೋಡೋಕೆ ಬಂದಿದ್ದೀಯೇನಪ್ಪ?” ಎಂದು ಕೇಳಿದರು. ಅದು ಕೂಗಿದ್ದಕ್ಕಿಂತ ಜೋರಾಗಿ ಕೇಳಿಸಿತು.

ಶನಿವಾರ ಸಂಜೆಯಾದರೆ ಇತ್ಸುಕಿಗೆ ಹೊಟ್ಟೆನೋವು ಬರುವುದು ಹಳೆಯ ಮಾತು. ಈಗ ಅದು ಸೋಮವಾರದಿಂದಲೇ ಶುರುವಾಯಿತು. ಹುಡುಗ ಬಟ್ಟಲಿನ ಅನ್ನವನ್ನು ಅರ್ಧಕ್ಕೆ ಬಿಟ್ಟು ಏಳತೊಡಗಿದ. ಮಗನನ್ನು ತಂಡದಿಂದ ಬಿಡಿಸುವುದೋ ಬೇಡವೋ ಎಂದು ಅವನ ಅಪ್ಪ ಹೊಸಾಕ ತಮೊತ್ಸು ವಾರವಿಡೀ ಒದ್ದಾಡಿದ.

ತಮೊತ್ಸು ನಗರಸಭೆಯ ನೀರಿನ ವಿಭಾಗದಲ್ಲಿ ಗುಮಾಸ್ತ. ಯಾರಿಗೂ ಬೇಡ ಎನ್ನಲು ಬಾರದವನು. ಬಾಗಿಲಿಗೆ ಬಂದ ಏಜೆಂಟರಿಗೆ ಬೇಡ ಎನ್ನಲಾಗದೆ ಅವನ ಮನೆಗೆ ಎರಡು ದಿನಪತ್ರಿಕೆ ಬರುತ್ತಿದ್ದವು. ಓದುವವರು ಯಾರೂ ಇರಲಿಲ್ಲ. ಇಂಥವನು ಬೇಲಿಯಾಚೆಯ ತಾತನ ಹತ್ತಿರ ಬಾಯಿಬಿಟ್ಟ. ಇವತ್ತು ತಂಡ ಬಿಟ್ಟ ಹುಡುಗ ನಾಳೆ ಶಾಲೆ ಬಿಡುತ್ತಾನೆ, ನಾಡಿದ್ದು ಕೆಲಸ, ಆಮೇಲೆ ಹೆಂಡತಿಯನ್ನೂ ಬಿಡುತ್ತಾನೆ ಎಂದು ತಾತ ಭವಿಷ್ಯ ನುಡಿದ. ಕ್ಷೌರದವನು ಕತ್ತರಿಯನ್ನು ಕಿವಿಯ ಬಳಿ ಹಿಡಿದು, ಮಗು ಬಾಡುತ್ತಿರುವುದು ಕಾಣುವುದಿಲ್ಲವೇ, ನೀವೆಂಥ ಅಪ್ಪ ಎಂದು ಕೇಳಿದ. ಇಬ್ಬರೂ ಹೇಳಿದ್ದಕ್ಕೆ ತಮೊತ್ಸು ಹೌದು ಹೌದು ಎಂದ.

ಕೊನೆಗೆ ತೀರ್ಮಾನ ಮಾಡಿದವಳು ಹೆಂಡತಿ ಚಿಯೆ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಅವಳಿಗೆ ಈ ಭಾನುವಾರ ಪಾಳಿ. ಶೂ ಹಾಕಿಕೊಳ್ಳುತ್ತ, “ರೀ, ಇವತ್ತು ಕೋಚ್‌ಗೆ ಹೇಳಿಬಿಡಿ. ಬರಿಗೈಲಿ ಹೋಗ್ಬೇಡಿ, ಸಿಹಿ ತಗೊಂಡು ಹೋಗಿ. ಹೇಳದೆ ಮಾತ್ರ ಮನೆಗೆ ಬರ್ಬೇಡಿ” ಎಂದು ಬಾಗಿಲು ಎಳೆದುಕೊಂಡಳು.

ತಮೊತ್ಸು ಸೂಟು ಹಾಕಿಕೊಂಡು ಅಡುಗೆಮನೆಯಲ್ಲಿ ರೈಸ್ ಕುಕ್ಕರಿನ ಮುಂದೆ ನಿಂತ. ಗುಂಡಗೆ, ಬಿಸಿಯಾಗಿ, ಯಾವ ಕ್ಷಣದಲ್ಲಾದರೂ ಬುಸುಗುಡುವಂತಿದ್ದ ಅದಕ್ಕೂ ಇವಾಬುಚಿಯವರಿಗೂ ಹೋಲಿಕೆಯಿತ್ತು. ಸೊಂಟ ಬಗ್ಗಿಸಿ ಅಭ್ಯಾಸ ಶುರುಮಾಡಿದ: “ಇಷ್ಟು ದಿನ ನಮ್ಮ ಮಗನ್ನ ನೋಡ್ಕೊಂಡಿದ್ದೀರಿ, ತುಂಬಾ ಉಪಕಾರ ಆಯ್ತು. ಹೇಳೋಕೆ ನಾಲಿಗೆ ಬರ್ತಿಲ್ಲ, ಆದ್ರೂ...”

ಆದ್ರೂ ಎಂಬಲ್ಲಿ ಬಂಡಿ ನಿಂತಿತು. ಮತ್ತೆ ಬಗ್ಗಿದ, ಮತ್ತೆ ಅಲ್ಲೇ ನಿಂತ. ಆ ಊರಿನಲ್ಲಿ ಆದ್ರೂ ಎಂದ ಮೇಲೆ ಮುಂದಿನದನ್ನು ಬಾಯಿಬಿಟ್ಟು ಹೇಳುವುದು ಒರಟುತನ. ಕೇಳುವವರೇ ಉಳಿದದ್ದನ್ನು ತುಂಬಿಕೊಳ್ಳಬೇಕು. ಕುಕ್ಕರ್ ಏನೂ ತುಂಬಿಕೊಳ್ಳದೆ ಪೀ ಎಂದು ಕೂಗಿತು.

ಹಿಂದೆ ಇತ್ಸುಕಿ ಟೋಪಿ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

“ಅಪ್ಪ, ಹೊಟ್ಟೆನೋವಾ?”

“ಇಲ್ಲಪ್ಪ, ಸುಮ್ನೆ.”

“ನಂಗೂ ಹೀಗೇ ಬಗ್ಗಿದ್ರೆ ಸ್ವಲ್ಪ ಕಮ್ಮಿ ಆಗತ್ತೆ,” ಎಂದು ಹುಡುಗ ಅಪ್ಪನನ್ನು ಒಮ್ಮೆ ದಿಟ್ಟಿಸಿ ನೋಡಿ, ಸೈಕಲ್ ಹತ್ತಿ ಮೈದಾನಕ್ಕೆ ಹೊರಟುಹೋದ.

ಸಿಹಿ ಅಂಗಡಿಯಲ್ಲಿ ಕೆಂಪುಕಾಳಿನ ಹಲ್ವದ ಡಬ್ಬಿ ಆರಿಸಿದ್ದಾಯಿತು. ಮೇಲೆ ಸುತ್ತುವ ಕಾಗದದ ಮೇಲೆ ಬರೆಯಬೇಕಲ್ಲ, ಸಂದರ್ಭ ಏನು ಎಂದು ಅಂಗಡಿಯ ಹುಡುಗಿ ಕುಂಚ ಹಿಡಿದು ಕೇಳಿದಳು. ಮಗನನ್ನು ಬಿಡಿಸಲಿಕ್ಕೆ ಎನ್ನಲು ತಮೊತ್ಸು ಬಾಯಿ ತೆರೆದ. ಅಷ್ಟರಲ್ಲಿ ಬೆನ್ನ ಹಿಂದೆ, “ಓಹೋ, ಇತ್ಸುಕಿ ಅಪ್ಪ” ಎಂಬ ದನಿ ಬಂತು. ತಂಡದ ಪೋಷಕರ ಸಂಘದ ಅಧ್ಯಕ್ಷೆ, ಶ್ರೀಮತಿ ಒಗಾತ. ಅವರ ಕಿವಿಗೆ ಬಿದ್ದದ್ದು ಊರಿಗೆ ಬಿದ್ದಂತೆ.

“ಒಂದು... ಮರ್ಯಾದೆಯ ಭೇಟಿ,” ಎಂದು ತಮೊತ್ಸು ತೊದಲಿದ.

ಮಾರ್ಚ್ ಕೊನೆಯ ವಾರ ಸೂಟು ಹಾಕಿಕೊಂಡು ಮರ್ಯಾದೆಯ ಭೇಟಿಗೆ ಹೊರಡುವವರು ಏಪ್ರಿಲ್‌ನಲ್ಲಿ ಹೊಸ ಹುದ್ದೆಗೆ ಸೇರುವವರು ಎಂಬುದು ಅಂಗಡಿಯವರಿಗೆಲ್ಲ ಗೊತ್ತು. ಹುಡುಗಿ ‘ವಂದನೆ’ ಎಂದು ಚೆಂದಾಗಿ ಬರೆದು, ಕೆಳಗೆ ಹೊಸಾಕ ಎಂದು ಸೇರಿಸಿ, ಕೆಂಪು ಬಿಳಿ ದಾರದ ಚಿಟ್ಟೆಗಂಟು ಹಾಕಿದಳು. ಬಿಚ್ಚಿ ಮತ್ತೆ ಮತ್ತೆ ಕಟ್ಟಬಹುದಾದ, ಶುಭಾರಂಭಕ್ಕೆ ಹಾಕುವ ಗಂಟು ಅದು. ತಪ್ಪಾಯಿತೆಂದು ತಮೊತ್ಸುವಿಗೆ ತಿಳಿಯಿತು. ಆದರೆ ಅಷ್ಟು ಮುತುವರ್ಜಿಯಿಂದ ಕಟ್ಟಿದ್ದನ್ನು ಬಿಚ್ಚಿ ಎಂದು ಹೇಗೆ ಹೇಳುವುದು?

ಶ್ರೀಮತಿ ಒಗಾತ ಗಂಟನ್ನು ನೋಡಿದರು, ಸೂಟನ್ನು ನೋಡಿದರು.

“ಕೋಚ್ ಸರ್‌ಗಾ?”

“ಹ್ಞೂಂ.”

“ಇವತ್ತೇ?”

“ಇವತ್ತೇ.”

ಆಕೆಯ ಕಣ್ಣು ತೇವವಾಯಿತು. ತಮಗೆ ಬೇಕಾದ ಸಿಹಿ ಕೊಳ್ಳುವುದನ್ನೂ ಮರೆತು ಸೈಕಲ್ ಹತ್ತಿ, ಬಿಲ್ಲಿನಿಂದ ಬಿಟ್ಟ ಬಾಣದಂತೆ ಮಾಯವಾದರು. ಹೊಸ ಅಧ್ಯಕ್ಷರನ್ನು ಆರಿಸುವುದು ಇವತ್ತೇ ಎಂಬುದು ತಮೊತ್ಸುವಿಗೆ ನೆನಪೇ ಇರಲಿಲ್ಲ. ಆ ಕುರ್ಚಿಯೆಂದರೆ ಎಲ್ಲರಿಗೂ ಭಯ. ಪ್ರತಿ ಭಾನುವಾರ ಎಲ್ಲರಿಗಿಂತ ಮುಂಚೆ ಬಂದು ಸುಣ್ಣದ ಗೆರೆ ಎಳೆಯಬೇಕು, ಕಾರುಗಳನ್ನು ಹೊಂದಿಸಬೇಕು, ಯಾವ ಕೋಚ್‌ಗೆ ಬಾರ್ಲಿ ಟೀ ತಣ್ಣಗಿರಬೇಕು, ಯಾರಿಗೆ ಬಿಸಿ ಎಂದು ಬಾಯಿಪಾಠ ಮಾಡಬೇಕು. ಹೋದ ವರ್ಷ ಶ್ರೀಮತಿ ಒಗಾತ ಕಲ್ಲು–ಕತ್ತರಿ–ಕಾಗದದ ಆಟದಲ್ಲಿ ಸೋತು ಅಧ್ಯಕ್ಷೆಯಾಗಿದ್ದರು. ಅಂದಿನಿಂದ ಅವರು ಕತ್ತರಿ ಕಂಡರೆ ಮುಖ ತಿರುಗಿಸುತ್ತಿದ್ದರು.

ಏರಿಯ ದಾರಿಯಲ್ಲಿ ತಮೊತ್ಸು ನಡೆದ. ಪೊಟ್ಟಣ ಹೆಜ್ಜೆಹೆಜ್ಜೆಗೂ ಭಾರವಾಗುತ್ತಿತ್ತು, ಒಳಗೆ ಹಲ್ವವಲ್ಲ, ಹೊಳೆಯ ಕಲ್ಲು ಇದ್ದಂತೆ. ಬಿಡಿಸಿದರೆ ಹುಡುಗ ಹೇಡಿಯಾಗುತ್ತಾನೆಯೇ? ಬಿಡಿಸದಿದ್ದರೆ ಬಾಡುತ್ತಾನೆಯೇ? ತಾತ ಬಲಗಿವಿಯಲ್ಲಿ, ಕ್ಷೌರದವನು ಎಡಗಿವಿಯಲ್ಲಿ ಕೂತು ಜಗಳವಾಡುತ್ತಿದ್ದರು. ಏರಿ ಮುಗಿದು ಮೈದಾನ ಕಂಡಿತು. ತಮೊತ್ಸು ಅಲ್ಲೇ ನಿಂತ.

ಇತ್ಸುಕಿ ನಗುತ್ತಿದ್ದ.

ಟೋಪಿ ಹಿಂದಕ್ಕೆ ಸರಿಸಿ, ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು, ದಾರ ಕಡಿದುಕೊಂಡ ಗಾಳಿಪಟದಂತೆ ಓಡುತ್ತಿದ್ದ. ಎತ್ತರಕ್ಕೆ ಬಂದ ಚೆಂಡೊಂದನ್ನು ಹಾರಿ ಹಿಡಿದೇಬಿಟ್ಟ. ಇವಾಬುಚಿಯವರು ಹತ್ತಿರ ಹೋಗಿ ಅವನ ತಲೆ ಸವರಿದರು. ಎಷ್ಟೋ ತಿಂಗಳಿಂದ ತಮೊತ್ಸು ಮಗನ ಹಲ್ಲನ್ನೇ ಕಂಡಿರಲಿಲ್ಲ.

ಅವನ ಎದೆ ಕರಗಿತು. ಈ ಸಂತೋಷವನ್ನು ಕಿತ್ತುಕೊಳ್ಳಲು ತಾನು ಸೂಟು ಹಾಕಿಕೊಂಡು ಬಂದಿದ್ದೇನೆ. ಬೇಡ, ಮಗ ತಂಡದಲ್ಲೇ ಇರಲಿ ಎಂದು, ವಾರದಲ್ಲಿ ಮೊದಲ ಬಾರಿಗೆ, ತಾನೇ ಒಂದು ನಿರ್ಧಾರ ಮಾಡಿದ. ಪೊಟ್ಟಣವನ್ನು ಕೋಟಿನೊಳಗೆ ತುರುಕಲು ನೋಡಿದ. ಅದು ಹೊಗಲಿಲ್ಲ. ತಲೆಯೆತ್ತಿದರೆ ಶ್ರೀಮತಿ ಒಗಾತ ಮುಂದೆ, ಉಳಿದ ತಾಯಂದಿರು ಹಿಂದೆ, ಸಾಲಾಗಿ ನಿಂತು ನಡು ಬಗ್ಗಿಸುತ್ತಿದ್ದರು. ಆಚೆಯಿಂದ ಇವಾಬುಚಿಯವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಂದರು.

“ಹೊಸಾಕ ಅವರೇ, ವಿಷಯ ಬೆಳಿಗ್ಗೆನೇ ಕಿವಿಗೆ ಬಿತ್ತು. ನಂಗೇನೂ ಬೇಜಾರಿಲ್ಲ,” ಎಂದರು.

ಒಗಾತರ ಸೈಕಲ್ ಇಷ್ಟು ಬೇಗ ಬಂತೇ ಎಂದುಕೊಂಡ ತಮೊತ್ಸು, ಬೇರೇನೂ ತೋಚದೆ ಎರಡೂ ಕೈಯಿಂದ ಪೊಟ್ಟಣ ಚಾಚಿದ. ಕುಕ್ಕರಿನ ಮುಂದೆ ಕಲಿತ ಮಾತು ತಾನಾಗಿ ಹೊರಬಂತು. “ಇಷ್ಟು ದಿನ ನಮ್ಮ ಮಗನ್ನ ನೋಡ್ಕೊಂಡಿದ್ದೀರಿ, ತುಂಬಾ ಉಪಕಾರ ಆಯ್ತು. ಹೇಳೋಕೆ ನಾಲಿಗೆ ಬರ್ತಿಲ್ಲ, ಆದ್ರೂ...”

ಬಂಡಿ ನಿಂತಿತು. ಶ್ರೀಮತಿ ಒಗಾತ ಸಂಸ್ಕಾರವಂತೆ, ಉಳಿದದ್ದನ್ನು ತುಂಬಿದರು.

“ಆದ್ರೂ ಸಂಘದ ಅಧ್ಯಕ್ಷರಾಗಿ ಇನ್ನು ಹೊಣೆ ಅವ್ರೇ ಹೊತ್ಕೋತಾರೆ ಸರ್. ಪಾಪ, ತಾವಾಗೇ ಮುಂದೆ ಬಂದಿದಾರೆ.”

ಇವಾಬುಚಿಯವರ ಬಾಯಿ ತೆರೆದದ್ದು ತೆರೆದೇ ಇತ್ತು. ಪೊಟ್ಟಣವನ್ನೂ ತಮೊತ್ಸುವನ್ನೂ ಸರದಿಯ ಮೇಲೆ ನೋಡಿದರು.

“ಇಷ್ಟಾದ್ಮೇಲೂ?” ಎಂದರು.

ಮಗ ಹಾಗೆ ಅನ್ನಿಸಿಕೊಂಡ ಮೇಲೂ ಎಂದು ತಮೊತ್ಸು ಅರ್ಥ ಮಾಡಿಕೊಂಡ. ದೂರದಲ್ಲಿ ಇತ್ಸುಕಿ ಬೆನ್ನ ಮೇಲೆ ಮಲಗಿ ಆಕಾಶಕ್ಕೆ ನಗುತ್ತಿದ್ದ. ಆ ನಗುವಿಗೆ ಏನು ಕೊಟ್ಟರೂ ಕಡಿಮೆಯೇ ಅನ್ನಿಸಿ, “ನಮ್ಮ ಹುಡುಗನ ಸಂತೋಷ ನೋಡಿದ್ರಲ್ಲ ಸರ್. ಅಷ್ಟು ಸಾಕು ನಂಗೆ. ಮಾಡ್ತೀನಿ,” ಎಂದ.

ಚಪ್ಪಾಳೆ ಬಿತ್ತು. ಇಂಥ ಮನುಷ್ಯನನ್ನು ತನ್ನ ಆಯುಷ್ಯದಲ್ಲೇ ಕಂಡಿಲ್ಲ ಎಂದು ಇವಾಬುಚಿಯವರು ಕಣ್ಣೊರೆಸಿಕೊಂಡರು. ಶ್ರೀಮತಿ ಒಗಾತ ಮೈದಾನದ ಬೀಗದಕೈ ಗೊಂಚಲನ್ನು ತಮೊತ್ಸುವಿನ ಅಂಗೈಯಲ್ಲಿಟ್ಟು, ಅವನು ಮನಸ್ಸು ಬದಲಿಸುವ ಮೊದಲೇ ಬೆರಳುಗಳನ್ನು ಒಂದೊಂದಾಗಿ ಮಡಚಿದರು.

ಸಂಜೆ ಅಪ್ಪ ಮಗ ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ಬಂದರು. ಸ್ವಲ್ಪ ದೂರ ಬಂದ ಮೇಲೆ ಇತ್ಸುಕಿ, “ಅಪ್ಪ, ಕೋಪ ಇಲ್ಲ ತಾನೆ?” ಎಂದ.

“ಯಾಕೋ?”

“ನಾನೇ ಹೇಳ್ಬಿಟ್ಟೆ ಬೆಳಿಗ್ಗೆ. ತಂಡ ಬಿಡ್ತೀನಿ ಅಂತ. ನಿಂಗೆ ಹೇಳೋಕೆ ಹೋದ್ರೆ ಹೊಟ್ಟೆನೋವು ಬರತ್ತಲ್ಲ, ಅದಕ್ಕೆ.”

ಸೈಕಲ್ ನಿಂತಿತು.

“ಕೋಚ್ ಸರ್ ಬೈಲಿಲ್ಲ. ಇವತ್ತೊಂದಿನ ಹೆಂಗೆ ಬೇಕೋ ಹಂಗೆ ಆಡು ಅಂದ್ರು. ಎಷ್ಟು ಚೆನ್ನಾಗಿತ್ತು ಗೊತ್ತಾ.” ಹುಡುಗ ಅಪ್ಪನ ಜೇಬಿನ ಕಡೆ ಬೆರಳು ಮಾಡಿದ. “ಅದೇನಪ್ಪ, ಗಲಗಲ ಅಂತಿದೆ?”

ತಮೊತ್ಸು ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ. ಹಿಂದಿರುಗಿ ಓಡೋಣವೆಂದರೆ ಅಷ್ಟು ಹೊತ್ತಿಗೆ ಹಲ್ವ ಎಲ್ಲರ ಹೊಟ್ಟೆ ಸೇರಿತ್ತು.

ಮನೆಯಲ್ಲಿ ಚಿಯೆ ಕಾಯುತ್ತಿದ್ದಳು. ಹೇಳಿದ್ರಾ ಎಂದು ಕೇಳಿದಳು. “ಹೇಳಿದ್ದಾಯ್ತು, ಬಿಟ್ಟಿದ್ದೂ ಆಯ್ತು. ಆದ್ರೂ...” ಎಂದು ತಮೊತ್ಸು ಅವಳ ಮುಖ ನೋಡಿದ. ಅವಳೂ ಆ ಊರಿನವಳೇ, ತುಂಬಿಕೊಳ್ಳಬಹುದಿತ್ತು. ತುಂಬಿಕೊಳ್ಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, “ಆದ್ರೂ ಏನು?” ಎಂದು ಕೇಳಿದಳು.

ಮುಂದಿನ ಶನಿವಾರ ಸಂಜೆ ತಮೊತ್ಸು ಅನ್ನವನ್ನು ಅರ್ಧಕ್ಕೆ ಬಿಟ್ಟು ಎದ್ದ. ಇತ್ಸುಕಿ ತಾನು ಹೊಟ್ಟೆನೋವಿಗೆ ಸುತ್ತಿಕೊಳ್ಳುತ್ತಿದ್ದ ಉಣ್ಣೆಯ ಹೊಟ್ಟೆಪಟ್ಟಿಯನ್ನು ತಂದು ಅಪ್ಪನಿಗೆ ಕೊಟ್ಟ. ಬಿಗಿಯಾದರೂ ಬೆಚ್ಚಗಿರುತ್ತದೆ ಎಂದ.

ಭಾನುವಾರ ಬೆಳಿಗ್ಗೆ ತಮೊತ್ಸು ಸುಣ್ಣದ ಬಂಡಿ ತಳ್ಳುತ್ತ ಬಲಮೂಲೆಗೆ ಬಂದ. ದಂಡೆಯ ಹುಲ್ಲಿನಲ್ಲಿ ಇತ್ಸುಕಿ ಅಂಗಾತ ಮಲಗಿ, ಒಂದು ಕೈಯಲ್ಲಿ ಅನ್ನದ ಉಂಡೆ ಹಿಡಿದು, ಇನ್ನೊಂದರಲ್ಲಿ ಮೇಲಕ್ಕೆ ತೋರಿಸಿದ. ತಮೊತ್ಸು ಕತ್ತೆತ್ತಿದ. ಬಾನಾಡಿ ಏರುತ್ತಿತ್ತು, ಏರುತ್ತ ಹಾಡುತ್ತಿತ್ತು, ನೂಲು ಮುಗಿಯದಂತೆ. ಸುಣ್ಣದ ಗೆರೆ ಅವನ ಕೈಗೆ ಸಿಕ್ಕದೆ ಮೈದಾನ ಬಿಟ್ಟು, ಹುಲ್ಲಿಗೆ ಹತ್ತಿ, ನದಿಯ ಕಡೆಗೆ ಹೊರಟಿತು.

ಬೆನ್ನ ಹಿಂದೆ ಯಾರೋ ಬಂದು ನಿಂತರು. ಕೂಗಲಿಲ್ಲ.

“ಅಧ್ಯಕ್ಷರೇ,” ಎಂದು ಮೆಲ್ಲಗೆ ಕೇಳಿದರು ಇವಾಬುಚಿಯವರು, “ಹಕ್ಕಿ ನೋಡೋಕೆ ಬಂದಿದ್ದೀರೇನು?”