ನನ್ನ ಪಿಸ್ತಾ ಕಾರಿನ ದಿಗ್ವಿಜಯ

ನನ್ನ ಹೆಂಡತಿ ಫರ್ಖಂದೆಗೆ ಈ ಲೋಕದಲ್ಲಿ ಒಬ್ಬಳೇ ಸವತಿ. ಆ ಸವತಿಗೆ ನಾಲ್ಕು ಚಕ್ರ, ಪಿಸ್ತಾ ಬಣ್ಣ. ನಾವು ಮದುವೆಯಾದ ವರ್ಷ ಮನೆಗೆ ಬಂದವಳು. ನಮ್ಮ ಊರು ಹಮದಾನಿನಲ್ಲಿ ಅವಳ ಹಾರ್ನ್ ಕೇಳಿದರೆ ಅಲ್ವಂದ್ ಪರ್ವತವೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. (ನಂಬದವರು ಬಂದು ನೋಡಬಹುದು. ಪರ್ವತ ಮೊದಲಿದ್ದ ಜಾಗದಲ್ಲಿಲ್ಲ.)

"ಮಂಡಿ ನೋವು, ಮಂಡಿ ನೋವು ಅಂತ ಹೇಳಿ ಹೇಳಿ ಸಾಕಾಯ್ತು. ತಿರುಗಿ ನೋಡಿದ್ರಾ? ಆ ಕಾರು ಒಂದು ಸಲ ಕೆಮ್ಮಿದ್ರೆ ಪೈಜಾಮದಲ್ಲೇ ಓಡ್ತೀರಿ!" ಇದು ಫರ್ಖಂದೆಯ ನಿತ್ಯದ ದೂರು.

"ಕೆಮ್ಮಿದಾಗಲೇ ನೋಡ್ಕೊಂಡ್ರೆ ಕ್ಷಯದವರೆಗೂ ಹೋಗಲ್ಲ ಕಣೇ!"

ಇದೇ ನನ್ನ ವಾಹನಶಾಸ್ತ್ರದ ಸಾರ. ಎಣ್ಣೆ ಕಪ್ಪಾಗುವ ಮೊದಲೇ ಬದಲಾಯಿಸಬೇಕು. ರೇಡಿಯೇಟರ್‌ಗೆ ನೀರು ಕುಡಿಸಿದ ಮೇಲೆಯೇ ನಾವು ಚಹಾ ಕುಡಿಯಬೇಕು. ಬೆಳಿಗ್ಗೆ ಎಂಜಿನ್ ಮೈ ಬೆಚ್ಚಗಾಗುವ ತನಕ ಅವಸರಪಡಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಾರಿನಲ್ಲಿ ಕೆಡುವಂಥ ವಸ್ತುಗಳೇ ಹೆಚ್ಚು ಇರಬಾರದು. ನನ್ನ ಕಾರಿನಲ್ಲಿ ಎ.ಸಿ. ಇಲ್ಲ. ಆದ್ದರಿಂದ ಇಷ್ಟು ವರ್ಷಗಳಲ್ಲಿ ಅದು ಒಮ್ಮೆಯೂ ಕೆಟ್ಟಿಲ್ಲ!

ಭಾವಮೈದುನ ಕಾಂಬೀಜನ ಹೊಸ ಕಾರಿನಲ್ಲಿ ಎಲ್ಲವೂ ಇದೆ. ಬಾಗಿಲು ತೆರೆದರೆ ಸಲಾಂ ಹೇಳುತ್ತದೆ, ಬೆಲ್ಟ್ ಹಾಕದಿದ್ದರೆ ಗದರುತ್ತದೆ. (ಹೆಂಡತಿ ಪಕ್ಕದಲ್ಲಿರುವಾಗ ಗದರಲು ಇನ್ನೊಂದು ದನಿ ಏಕೆ ಬೇಕೋ ನಾನರಿಯೆ.)

ಕಿರ್ಮಾನ್‌ಶಾಹದಲ್ಲಿ ನಾದಿನಿಯ ಮಗಳ ಮದುವೆ ಬಂತು. ದಾರಿಯಲ್ಲಿ ಅಸದಾಬಾದಿನ ಘಾಟಿ.

"ಭಾವ, ಈ ಮುದುಕಿ ಘಾಟಿ ಹತ್ತೋದು ಅನುಮಾನ. ನಿಂತ್ರೆ ಸೀದಾ ಗುಜರಿಗೆ. ಒಪ್ಪಿಗೇನಾ?" ಎಂದ ಕಾಂಬೀಜ್.

"ಒಪ್ಪಿಗೆ! ಹತ್ತಿದ್ರೆ?"

"ಮದುವೆ ಮನೇಲಿ ಎಲ್ಲರೆದುರಿಗೆ ಅದರ ಬಾನೆಟ್ಟಿಗೆ ಮುತ್ತು ಕೊಡ್ತೀನಿ."

ಫರ್ಖಂದೆ "ದೇವರೇ, ನಿಂತುಹೋಗಲಿ" ಎಂದು ಪ್ರಾರ್ಥಿಸಿ ತಮ್ಮನ ಕಾರಿನ ಮೆತ್ತನೆಯ ಸೀಟು ಏರಿದಳು. ನನ್ನ ಜೊತೆ ಕುಳಿತದ್ದು ಅತ್ತೆ ತೂರಾನ್ ಖಾನಂ. ಅತ್ತೆ ಹರೆಯದಲ್ಲೇ ಲೈಸೆನ್ಸ್ ಪಡೆದವರು, ಆದರೆ ಮಾವ ಬದುಕಿದ್ದ ತನಕ ಕೀಲಿಕೈ ಕೊಟ್ಟವರಲ್ಲ. ಲೈಸೆನ್ಸನ್ನು ಮಾತ್ರ ತಪ್ಪದೆ ನವೀಕರಿಸಿ ಕೈಚೀಲದಲ್ಲಿಟ್ಟುಕೊಂಡಿದ್ದರು.

"ಅಳಿಯಂದ್ರೇ, ಎಂಜಿನ್ ಏದುಸಿರು ಬಿಡ್ತಿದೆ. ಎರಡನೇ ಗೇರಿಗೆ ಬನ್ನಿ."

"ಬರೋದರಲ್ಲೇ ಇದ್ದೆ ಅತ್ತೆ."

"ಇನ್ನೂ ಬಂದಿಲ್ಲವಲ್ಲ!"

ಬಂದೆ. ಪಿಸ್ತಾ ಗುನುಗುತ್ತ ಏರಿದಳು. ಘಾಟಿಯ ನಡುವೆ ನೋಡಿದರೆ ರಸ್ತೆ ಬದಿಯಲ್ಲಿ ಕಾಂಬೀಜನ ಕಾರು! ಬಾನೆಟ್ಟಿನಿಂದ ಕಬಾಬ್ ಅಂಗಡಿಯಂತೆ ಹಬೆ. ಒಳಗಿನ ದನಿ ಮಾತ್ರ ಬಹಳ ಸೌಜನ್ಯದಿಂದ "ದಯವಿಟ್ಟು ವಾಹನ ನಿಲ್ಲಿಸಿ" ಎನ್ನುತ್ತಿತ್ತು.

"ಕೆಂಪು ದೀಪ ಹತ್ತಿರಲಿಲ್ವೇನೋ?"

"ಹತ್ತಿತ್ತು ಭಾವ. ಹೋದ ತಿಂಗಳಿಂದ ಉರೀತಾನೇ ಇತ್ತು. ಕಣ್ಣಿಗೆ ಚುಚ್ಚುತ್ತೆ ಅಂತ ಅದರ ಮೇಲೆ ದೃಷ್ಟಿಮಣಿ ಅಂಟಿಸಿದ್ದೆ."

ಹಗ್ಗ ತೆಗೆದೆ. ಸೋತ ಸಾಮಂತನನ್ನು ಕಟ್ಟಿ ತರುವ ಚಕ್ರವರ್ತಿಯಂತೆ ಕಿರ್ಮಾನ್‌ಶಾಹ ಪ್ರವೇಶಿಸಿದೆ. ಹಿಂದೆ ಹಗ್ಗದ ತುದಿಯಲ್ಲಿ ಭಾವಮೈದುನ, ಅವನ ಪಕ್ಕದಲ್ಲಿ ಮುಖ ಮುಚ್ಚಿಕೊಂಡ ಫರ್ಖಂದೆ. ಮದುವೆ ಮನೆಯೇ ಬೀದಿಗೆ ಬಂತು. ಕಾಂಬೀಜ್ ಮಾತಿನಂತೆ ಬಾನೆಟ್ಟಿಗೆ ಮುತ್ತಿಟ್ಟ. (ಅದು ಕಾದಿತ್ತು. ಪಾಪ, ಪಲಾವನ್ನು ಊದಿ ಊದಿ ತಿಂದ.)

"ಎಂಥಾ ಗಾಡಿ ಅಳಿಯಂದ್ರೇ!" ಎಂದರು ಅತ್ತೆ.

ನಮ್ಮಲ್ಲಿ ಯಾರಾದರೂ ನಮ್ಮ ವಸ್ತುವನ್ನು ಹೊಗಳಿದರೆ "ಇದೇನು ಮಹಾ, ನಿಮ್ಮದೇ, ತಗೊಳ್ಳಿ" ಎನ್ನುವುದು ಮರ್ಯಾದೆ. ಅವರು "ಬೇಡ" ಎನ್ನುವುದೂ ಮರ್ಯಾದೆ. ಹೀಗೆ ದಾನವಾದ ರತ್ನಗಂಬಳಿಗಳು ನಮ್ಮ ಮನೆಯಲ್ಲಿ ಇನ್ನೂ ಹಾಸಿದಲ್ಲೇ ಇವೆ.

"ನಿಮ್ಮದೇ ಅತ್ತೆ, ತಗೊಳ್ಳಿ," ಎಂದೆ.

"ಅಯ್ಯೋ, ನಿಮ್ಮ ಹತ್ತಿರಾನೇ ಇರಲಿ."

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಸುತ್ತ ಅಷ್ಟೊಂದು ಜನ, ಚಪ್ಪಾಳೆ. ವಿಜಯ ತಲೆಗೇರಿತ್ತು. ಎದೆಯ ಮೇಲೆ ಕೈಯಿಟ್ಟು, ಕೀಲಿಕೈ ಚಾಚಿ, "ಇಲ್ಲ ಅಂದ್ರೆ ನನಗೆ ಬೇಜಾರು! ಮಾವನವರ ಸಮಾಧಿಯಾಣೆ, ತಗೊಳ್ಳಲೇಬೇಕು!" ಎಂದು ಘೋಷಿಸಿಬಿಟ್ಟೆ.

ಸತ್ತವರ ಆಣೆಯನ್ನು ಬಾಯಿಂದ ಹೊರಗೆ ಬಿಡಬಹುದು, ಮರಳಿ ಒಳಗೆ ಸೇರಿಸಲಾಗದು.

ಅತ್ತೆ ಕಣ್ಣೊರೆಸಿಕೊಂಡರು. "ಅವರ ಆಣೆ ಹಾಕಿದ ಮೇಲೆ ಬೇಡ ಅಂದ್ರೆ ಅವರ ಆತ್ಮ ನೊಂದ್ಕೊಳ್ಳುತ್ತೆ. ಬದುಕಿದ್ದಾಗ ಅವರು ಕೊಡಲಿಲ್ಲ. ಈಗ ಅವರ ಹೆಸರಲ್ಲಿ ಅಳಿಯಂದ್ರು ಕೊಟ್ಟರು." ಕೀಲಿಕೈ ಚೀಲಕ್ಕೆ ಬಿತ್ತು. ಚೀಲ 'ಟಪ್' ಎಂದು ಮುಚ್ಚಿಕೊಂಡಿತು.

"ಅಂತೂ ನಮ್ಮ ಮನೆಯಿಂದ ಹೋಯ್ತಲ್ಲ!" ಎಂದು ಫರ್ಖಂದೆ ಮಂಡಿ ನೋವು ಮರೆತು ಕುಣಿದಳು.

ಹಿಂದಿರುಗುವಾಗ ಗಾಡಿ ಓಡಿಸಿದ್ದು ಅತ್ತೆ. ಹಿಂದಿನ ಸೀಟಿನಲ್ಲಿ, ಮದುವೆ ಮನೆಯವರು ಕೊಟ್ಟ ಅಕ್ಕಿಹಿಟ್ಟಿನ ಬಿಸ್ಕತ್ತಿನ ಡಬ್ಬಗಳ ನಡುವೆ ನಾನು. ಘಾಟಿಯಲ್ಲಿ ಲಾರಿಗಳನ್ನೆಲ್ಲ ಹಿಂದೆ ಹಾಕಿದರು. ಪಿಸ್ತಾ ಒಂದು ಸಲವೂ ಕೆಮ್ಮಲಿಲ್ಲ, ದ್ರೋಹಿ!

ಈಗಲೂ ಪ್ರತಿ ಶುಕ್ರವಾರ ಅತ್ತೆಯ ಅಂಗಳದಲ್ಲಿ ಪಿಸ್ತಾದ ಕೆಳಗೆ ಅಂಗಾತ ಮಲಗಿರುತ್ತೇನೆ. ಕಾರು ಯಾರದಾದರೇನು, ಕೆಮ್ಮು ಕೆಮ್ಮೇ ಅಲ್ಲವೇ? ಮೊನ್ನೆ ನೆರೆಮನೆಯಾಕೆ ಕೇಳುತ್ತಿದ್ದಳು: "ತೂರಾನ್ ಖಾನಂ, ಇಷ್ಟು ಹಳೇ ಗಾಡಿ ಇಷ್ಟು ಚೆನ್ನಾಗಿ ಓಡುತ್ತಲ್ಲ, ಯಾವ ಎಣ್ಣೆ ಹಾಕ್ತೀರಿ?"

ಅತ್ತೆ ಹೊರಗೆ ಚಾಚಿದ್ದ ನನ್ನ ಕಾಲುಗಳನ್ನು ತೋರಿಸಿರಬೇಕು.

"ಎಣ್ಣೆ ಯಾವುದಾದ್ರೂ ನಡೆಯುತ್ತಮ್ಮ. ಅಳಿಯ ಮಾತ್ರ ಹಳೇ ಮಾದರಿಯವನೇ ಆಗಿರಬೇಕು."