ಒಬ್ಬಾಂವ ಇರೋ ಮನಿಗೆ ಆರು ಮಂದಿ ಪ್ಲಾನ್

ನನ್ನ ಹಣೇಬರಹಾನ ಹಂಗೈತ್ರಿ. ನಾ ಕೈ ಹಾಕಿದ ಕೆಲಸಾ ಒಂದೂ ಸೀದಾ ಹೋಗೂದಿಲ್ಲ, ನಡುವ ಎಲ್ಲೆರ ನಗೆಪಾಟಲಾಗಿನ ಮುಂದ ಸಾಗ್ತೈತಿ. ಹುಬ್ಬಳ್ಳಿ-ಧಾರವಾಡ ಬಸ್ಸಿನ್ಯಾಗ ಕಂಡಕ್ಟರ್ ಇದ್ದಾಗ ದಿನಕ್ಕೊಂದು ಹಿಂತಾದ್ದು ಆಗ್ತಿತ್ತು. ಆವಾಗ ನಗಾಕ ಬಸ್ ತುಂಬ ಮಂದಿ ಇರ್ತಿದ್ರು. ಈಗ ರಿಟೈರ್ ಆಗೇನಿ, ಆಗೋವು ಈಗೂ ಆಗಾಕತ್ತಾವು, ಆದ್ರ ಮನ್ಯಾಗ ನಗಾಕ ನಾ ಒಬ್ಬನ. ಒಬ್ಬನ ಕುಂತು ನಕ್ರ ಓಣಿ ಮಂದಿ ಬ್ಯಾರೇನ ತಿಳ್ಕೊಂತಾರ. ಅದಕ್ಕ ನಿಮ್ಮ ಮುಂದ ಹೇಳಾಕತ್ತೇನಿ.

ನೀರು ಕೇಳಲಿಲ್ಲ, ಗಾಳಿ ಕೇಳಲಿಲ್ಲ

ಧಾರವಾಡದಾಗ ಕೆಲಗೇರಿ ಕಡೆ ನಂದೊಂದು ಸಣ್ಣ ಮನಿ. ಕೆಳಗ ನಾನು, ಮ್ಯಾಲೆ ಒಂದು ರೂಮು. ಮಕ್ಕಳಾಗಲಿಲ್ಲ. ಹೆಂಡ್ತಿ ತೀರಿಕೊಂಡ ಮ್ಯಾಲೆ ಮನಿ ಎಷ್ಟು ಸುಮ್ಮನಾತು ಅಂದ್ರ, ಫ್ರಿಜ್ ಗುರ್ ಅಂದ್ರೂ ನಾನು "ಏನ?" ಅಂತಿದ್ದೆ. ಬಸ್ ತುಂಬ ಮಂದಿ ಜೋಡಿ ಜಗಳಾಡಿದ ಬಾಯಿ ಇದು, ಸುಮ್ಮ ಕುಂಡ್ರು ಅಂದ್ರ ಹೆಂಗ ಕುಂಡ್ರಬೇಕು? ಮ್ಯಾಲಿನ ರೂಮಿಗೆ ಯಾವನರ ಒಬ್ಬ ಹುಡುಗನ್ನ ಇಟ್ಕೊಂಡ್ರಾತು ಅಂತ ಗೇಟಿಗೆ ಬೋರ್ಡ್ ಕಟ್ಟಿದೆ. ಬಾಡಿಗಿ ಆಸೇಕ್ಕಲ್ರಿ, ನನ್ನ ಹೊಟ್ಟಿಗೆ ಸಾಕಾಗುವಷ್ಟು ಐತಿ. ಮೆಟ್ಟಲ ಮ್ಯಾಲೆ ಚಪ್ಪಲ್ ಸಪ್ಪಳ ಆಗ್ಬೇಕು, "ಕಾಕಾ, ಊಟಾತೇನ್ರಿ?" ಅಂತ ಒಂದು ಮಾತು ಕೇಳಬೇಕು. ಅಷ್ಟ ನನ್ನ ಆಸೆ.

ಧಾರವಾಡದಾಗ ರೂಮು ಹುಡುಕೋ ಹುಡುಗರಿಗೇನು ಬರಾ? ದೊಡ್ಡ ದೊಡ್ಡ ಪರೀಕ್ಷಾಕ್ಕ ಓದಾಕ ಊರೂರಿಂದ ಬರ್ತಾರ. ಬೋರ್ಡ್ ಕಟ್ಟಿದ ದಿನಾನ ಶುರುವಾತು. ನಾನು ನೀರು ಛಲೋ ಬರ್ತೈತಿ, ಕಿಟಕಿ ತೆಗದ್ರ ಕೆರಿ ಗಾಳಿ ಬರ್ತೈತಿ ಅಂತ ಹಾಡಿದ್ದ ಹಾಡಿದೆ. ಅವ್ರು ಎಲ್ಲಾ ಕೇಳಿ, "ವೈಫೈ ಐತೇನ್ರಿ ಕಾಕಾ?" ಅಂತಿದ್ರು. "ಇಲ್ಲ." "ಆತ್ರಿ, ಹೇಳ್ತೇವ್ರಿ." ಹೋದಾವ್ರು ಹೋದ್ರು.

ಒಬ್ಬ ಮಾತ್ರ ಸ್ವಲ್ಪ ಛಲೋ ಮನಷ್ಯಾ. "ಇರ್ಲಿ ಬಿಡ್ರಿ ಕಾಕಾ, ಮೊಬೈಲ್ ನೆಟ್ ಮ್ಯಾಲ ನಡಸ್ತೇನಿ" ಅಂದು ಮೊಬೈಲ್ ಎತ್ತಿ ಹಿಡಕೊಂಡು ಆರತಿ ಬೆಳಗಿದಂಗ ಮನಿ ತುಂಬ ತಿರುಗಿದ. ರೂಮಿನ್ಯಾಗ ಇಲ್ಲ, ಪಡಸಾಲ್ಯಾಗ ಇಲ್ಲ, ಅಡಗಿ ಮನ್ಯಾಗ ಇಲ್ಲ. ಕಡೀಕ ಬಚ್ಚಲದಿಂದ ಒದರಿದ, "ಕಾಕಾ, ಇಲ್ಲೆ ಫುಲ್ ಬರಾಕತ್ತೇತ್ರಿ!"

"ಹಂಗಾರ ಒಂದು ಕೆಲಸಾ ಮಾಡು ತಮ್ಮಾ," ಅಂದೆ, "ಬಚ್ಚಲಾ ಬಾಡಿಗಿಗೆ ತಗೋ, ರೂಮು ಫ್ರೀ ಕೊಡ್ತೇನಿ."

ಆವತ್ತ ತೀರ್ಮಾನ ಮಾಡಿದೆ. ಏನರ ಆಗ್ಲಿ, ಮನಿಗೆ ಇಂಟರ್ನೆಟ್ ಹಾಕಸೋದ.

ಉಳಿದ ಐದು ಮಂದಿ ಎಲ್ಲೆ?

ಯಾರದು ಹಾಕಸಬೇಕು ಅಂತ ಕೇಳಿದ್ರ ಒಬ್ಬೊಬ್ರು ಒಂದೊಂದು ಹೇಳಿದ್ರು. ಒಂದು ದೊಡ್ಡ ಕಂಪನಿಗೆ ಫೋನ್ ಹಚ್ಚಿದೆ. ಹುಬ್ಬಳ್ಳಿ ವಿದ್ಯಾನಗರದಿಂದ ಒಬ್ಬ ಟೈ ಕಟ್ಟಿಕೊಂಡಾಂವ ಬಂದ. ಚಹಾ ಕೊಟ್ಟೆ, ಯಾವೂರು ಕೇಳಿದೆ, ಲಗ್ನ ಆಗೇತೇನು ಕೇಳಿದೆ. ಅಂವಂಗ ಒಂದು ಪ್ರಶ್ನೆ ಕೇಳಾಕ ಸಂದಿ ಸಿಕ್ಕಿದ್ದ ಬಿಸ್ಕೀಟ್ ಖಾಲಿ ಆದ ಮ್ಯಾಲೆ.

"ಮನ್ಯಾಗ ಎಷ್ಟು ಮಂದಿ ಅದೀರ್ರಿ ಸರ್?"

"ಒಬ್ಬನ."

"ಈಗ ಒಬ್ರ ಅದೀರಿ ಖರೇ. ಒಟ್ಟ ಎಷ್ಟು ಮಂದಿ?"

"ಒಟ್ಟೂ ಒಬ್ಬನ."

"ಮತ್ತ ಮೇಡಂ ಅವ್ರು?"

ಗೋಡಿ ಮ್ಯಾಲಿನ ಫೋಟೋ ತೋರಿಸಿದೆ. ಪಾಪ, ಗಾಬರಿಯಾಗಿ ಎದ್ದು ನಿಂತು ಫೋಟೋಕ್ಕ ಕೈ ಮುಗದ. ಮತ್ತ ಕುಂತು, ಮೊಬೈಲ್‌ನ್ಯಾಗ ಏನೋ ಒತ್ತಿ, "ಹಂಗಾರ ನಿಮಗ ಎಲ್ಲಾದಕ್ಕಿಂತ ಸಣ್ಣ ಪ್ಲಾನ್ ಸಾಕ್ರಿ ಸರ್. ಒಬ್ರ ಇರೋ ಅಂಥವ್ರಿಗೆ ಅಂತನ ಮಾಡ್ಯಾರ" ಅಂದ.

ನನ್ನ ಸಿಟ್ಟು ನೆತ್ತಿಗೇರಿತು. ಅಂವಂದೇನು ತಪ್ಪಿಲ್ರಿ. ಆದ್ರ ಒಬ್ಬಾಂವ ಅದೀನಿ ಅನ್ನೋದನ್ನ ಅಷ್ಟು ಸಸಾರ ಮಾಡಿ, ಅದಕ್ಕೊಂದು ಪ್ಲಾನ್ ಬ್ಯಾರೆ ಮಾಡಿ ಇಟ್ಟಾರಲ್ಲ ಅಂತ ಎದಿ ಚುರ್ ಅಂತು.

"ಎಲ್ಲಾಕ್ಕಿಂತ ದೊಡ್ಡದು ಯಾವುದೈತಿ?" ಅಂದೆ.

"ಆರು ಮಂದಿಗೆ ಆಗೋದು ಒಂದೈತ್ರಿ. ಆದ್ರ ನಿಮಗ ಅದು..."

"ಅದನ್ನ ಹಾಕು."

ಅಂವಾ ಒಳಗ ಹೊರಗ ಹಣಕಿ ನೋಡಿದ. ಮತ್ತ ಮೆಲ್ಲಕ ಕೇಳಿದ, "ಉಳಿದ ಐದು ಮಂದಿ ಎಲ್ಲೆ ಅದಾರ್ರಿ ಸರ್?"

"ಬರಾಕತ್ತಾರ," ಅಂದೆ. "ಬಸ್ ಲೇಟ್ ಐತಿ."

ವೈರ ಬಿಗಿ ಕಟ್ಟಸ್ರಿ

ಮರುದಿನಾ ಆ ಟೈ ಹುಡುಗಾ ಫೋನ್ ಮಾಡಿ, "ನಿಮ್ಮ ಓಣಿಗೆ ನಮ್ಮ ಲೈನ ಬಂದಿಲ್ರಿ ಸರ್" ಅಂದ. ಎರಡನೇ ಕಂಪನಿಯಾವ್ರು "ಬರ್ತೇವಿ, ಬರ್ತೇವಿ" ಅಂದಾವ್ರು ಇನ್ನೂ ಬರಾಕತ್ತಾರ. ಕಡೀಕ ನಮ್ಮ ಟೀವಿ ಕೇಬಲ್‌ನಾಂವ, "ನನ್ನ ಬಿಟ್ಟು ಊರೆಲ್ಲಾ ಕೇಳೀರಲ್ಲ ಕಾಕಾ, ನಾನೂ ಈಗ ನೆಟ್ ಕೊಡ್ತೇನಿ" ಅಂತ ಮುಖಾ ಸಣ್ಣದು ಮಾಡಿಕೊಂಡು ಬಂದ. ಮಂಗ್ಯಾನಂಗ ಕಂಬಾ ಹತ್ತಾಂವ, ಕರದ್ರ ಬರಾಂವ. ಇಂವನ ಖರೇ ಅಂತ ಇಂವನ್ನ ಆರಿಸಿ, ಆರು ಮಂದಿ ಪ್ಲಾನನ ಹಾಕು ಅಂದೆ.

"ಆದ್ರ ಕಂಬಾ ಓಣಿ ಆ ತುದಿಗೆ ಐತ್ರಿ," ಅಂದ. "ವೈರ ಮೂರು ಮನಿ ಮಾಳಿಗಿ ಮ್ಯಾಲೆ ಹಾಯ್ದು ಬರಬೇಕು. ಅವ್ರನ್ನ ಕೇಳೋ ಕೆಲಸಾ ನಿಮ್ಮದು."

ಹೆಂಡ್ತಿ ಇದ್ದಾಗ ಆ ಮನಿಗಳಿಗೆ ಹೋಗೋದು ಬರೋದು ಅಕೀದ ಇತ್ತು. ಅಕಿ ಹೋದ ಮ್ಯಾಲೆ ನಾ ಗೇಟ್ ದಾಟಿ ಒಳಗ ಹೋದಾಂವಲ್ಲ. ಮೊದಲನೇ ಮನಿ ರಿಟೈರ್ ಆದ ಮಾಸ್ತರದು. ಕೂಡಿಸಿ ಚಹಾ ಕೊಟ್ರು, ಆ ವೈರಿನ್ಯಾಗ ಕರೆಂಟ್ ಇರ್ತದೋ ಬೆಳಕಿರ್ತದೋ ಅಂತ ಒಂದು ಪಾಠಾನ ಮಾಡಿದ್ರು. ಕಡೀಕ, "ಅಡ್ಡಿ ಇಲ್ಲ. ನಮ್ಮ ಮಾಳಿಗಿ ಮ್ಯಾಲೆ ಹಾಯ್ದು ಹೋಗೋದದ ಅಂದ ಮ್ಯಾಲೆ ನಮಗೂ ಪಾಸ್‌ವರ್ಡ್ ಕೊಡಬೇಕಾಗ್ತದ" ಅಂದ್ರು. ಎರಡನೇ ಮನಿ ಟೇಲರ್ ಸಾಹೇಬ್ರದು. ಅಲ್ಲೂ ಚಹಾ. "ನಮ್ಮ ಹೊಲದಾಗ ಹಾಯೋ ಕಾಲವಿ ನೀರು ನಾವು ಕುಡೀಬಾರದೇನ್ರಿ ಅಣ್ಣಾರ?" ಅಂತ ಅವ್ರೂ ಪಾಸ್‌ವರ್ಡ್ ಇಸಕೊಂಡ್ರು.

ಮೂರನೇದು ನಮ್ಮ ಬಾಜೂ ಮನಿ ಅಕ್ಕಾರದು. ಅಲ್ಲಿ ಚಹಾದ ಜೋಡಿ ಚೂಡಾನೂ ಬಂತು. "ಪಾಸ್‌ವರ್ಡ್ ತಗೊಂಡು ನಾ ಏನ್ ಮಾಡ್ಲಿ ಅಣ್ಣಾರ? ನನಗೇನೂ ಬ್ಯಾಡ. ವೈರ ಮಾತ್ರ ಒಂದೀಟು ಬಿಗಿ ಕಟ್ಟಸ್ರಿ, ಅಷ್ಟ" ಅಂದ್ರು.

ಎಂಥಾ ದೊಡ್ಡ ಮನಸ್ಸು, ಏನೂ ಕೇಳಲಿಲ್ಲಲ್ಲ ಅಂತ ನನ್ನ ಕಣ್ಣಾಗ ನೀರು ಬರೋದೊಂದು ಬಾಕಿ. ಕೇಬಲ್‌ನಾಂವಗ ನಿಂತು ಬಿಗಿ ಕಟ್ಟಿಸಿದೆ. ಮರುದಿನಾ ಮಾಳಿಗಿ ಹತ್ತಿ ನೋಡಿದ್ರ, ವೈರಿನ ಮ್ಯಾಲೆ ಅಕ್ಕಾರ ಯಜಮಾನ್ರ ಬನಿಯನ್ನು, ಟಾವೆಲ್ಲು, ಚಾದರ ಸಾಲಾಗಿ ಒಣಗಾಕತ್ತಿದ್ವು. ಕ್ಲಿಪ್ ಬ್ಯಾರೆ ಹಾಕಿದ್ರು.

ಹೆಬ್ಬೆಟ್ಟು

ಬೋರ್ಡಿಗೆ "ವೈಫೈ ಐತಿ" ಅಂತ ಬರಸಿದ್ದ ತಡಾ, ಮುಂಡರಗಿ ಕಡೆಯಾಂವ ಒಬ್ಬ ಹುಡುಗಾ ಬಂದ. ನಳಾ ತಿರುವಿ ನೋಡಲಿಲ್ಲ, ಕಿಟಕಿ ತೆಗೀಲಿಲ್ಲ, ಪಾಸ್‌ವರ್ಡ್ ಕೇಳಿ ಗಂಟು ಇಳಿಸಿದ. ನಾನು ಖುಷೀಲೆ ಉಪ್ಪಿಟ್ಟು ಮಾಡಿದೆ. "ಛಲೋ ಆಗೇತ್ರಿ ಕಾಕಾ" ಅಂತ ತಿಂದು ಮ್ಯಾಲೆ ಹೋದ.

ಹೋದಾಂವ ಹೋದ ನೋಡ್ರಿ. ಕಿವ್ಯಾಗ ಆ ಎರಡು ಗುಂಡಿ ತುರಕಿಕೊಂಡು ಮುಂಜಾನಿಂದ ಸಂಜೀತನಕ ಕ್ಲಾಸ್ ಕೇಳ್ತಾನ. ನಾನು ಕೆಳಗಿಂದ "ತಮ್ಮಾ, ಚಹಾ!" ಅಂತ ಒದರಿದ್ರ ಮಾಸ್ತರ ಬರ್ತಾರ, ಟೇಲರ್ ಸಾಹೇಬ್ರು ಬರ್ತಾರ, ಇಂವಾ ಬರೂದಿಲ್ಲ. ಮೆಟ್ಟಲ ಹತ್ತಿ ಹೋದ್ರ ಒಂದು ಕಿವಿ ಬಿಚ್ಚಿ "ಹಾಂ ಕಾಕಾ?" ಅಂತಾನ, ಚಹಾ ಇಸಕೊಂತಾನ, ಮತ್ತ ಕಿವಿ ಮುಚ್ಚತಾನ. ಹುಡುಗಾ ಬಂಗಾರದಂಥಾಂವ, ಒಂದು ಕೆಟ್ಟ ಚಟಾ ಇಲ್ಲ. ಆದ್ರ ಮೊದಲ ಮನಿ ಖಾಲಿ ಇತ್ತು ಅಂತ ಸುಮ್ಮನಿತ್ತು, ಈಗ ಮನಷ್ಯಾ ಇದ್ದೂ ಸುಮ್ಮನಿತ್ತು. ಇದು ಅದಕ್ಕಿಂತ ತ್ರಾಸ.

ಒಂದಿನಾ ನಾ ಪಡಸಾಲ್ಯಾಗ ಕುಂತಾಗ ಮೊಬೈಲ್ ಟಿಂಗ್ ಅಂತು. ಮೆಸೇಜು. "ಕಾಕಾ, ನೀರು ಖಾಲಿ ಆಗೇತಿ. ಮೋಟಾರ್ ಹಚ್ಚರಿ." ಎಲ್ಲಿಂದ? ನನ್ನ ನೆತ್ತಿ ಮ್ಯಾಲಿಂದ! ಇರ್ಲಿ, ಬರದಾನಲ್ಲ ಅಂತ ಮೋಟಾರ್ ಹಚ್ಚಿ, ಕನ್ನಡಕ ಹಾಕ್ಕೊಂಡು ಒಂದೊಂದ ಅಕ್ಷರ ಹುಡುಕಿ ಬರದೆ, "ಹಚ್ಚೇನಿ ತಮ್ಮಾ. ಊಟಾತೇನು? ಬದನಿಕಾಯಿ ಎಣಗಾಯಿ ಮಾಡೇನಿ. ಕೆಳಗ ಬಂದ್ರ ಇಬ್ರೂ ಕೂಡಿ ಉಣ್ಣೋಣು." ಬರಿಯೋದ್ರಾಗ ಎಣಗಾಯಿ ಆರಿ ತಣ್ಣಗಾತು.

ಉತ್ತರ ಬಂತು. ಒಂದು ಹೆಬ್ಬೆಟ್ಟು. ಮಾತಿಲ್ಲ, ಕತಿಯಿಲ್ಲ, ಬರೇ ಹೆಬ್ಬೆಟ್ಟಿನ ಚಿತ್ರ.

ಮಾಸ್ತರ ಕಡೆ ಹೋಗಿ ಮೊಬೈಲ್ ತೋರಿಸಿ ಅಂದೆ, "ನೋಡ್ರಿ ಮಾಸ್ತರ. ಎರಡು ಡಿಗ್ರಿ ಮಾಡ್ಯಾನಂತ, ಇನ್ನೂ ಹೆಬ್ಬೆಟ್ಟ ಒತ್ತಾಕತ್ತಾನ."

ಕೌದಿ

ದಸರಾ ಹತ್ರ ಬಂತು. ದಸರಾಕ್ಕ ನಮ್ಮ ಕಡೆ ಮನ್ಯಾಗಿನ ಹಾಸಿಗಿ ಹೊದಿಕಿ ಎಲ್ಲಾ ಹೊರಗ ಬೀಳ್ತಾವು, ಒಂದನ್ನೂ ಬಿಡೂದಿಲ್ಲ. ಬಾಜೂ ಮನಿ ಅಕ್ಕಾರೂ ತಮ್ಮ ಕೌದಿ ಒಗದ್ರು. ಹಳೇ ಸೀರಿ ಪದರ ಪದರ ಇಟ್ಟು ಹೊಲದ ಕೌದಿ, ನೀರು ಕುಡೀತಂದ್ರ ಎಮ್ಮಿ ಕರಾ ಎತ್ತಿದಂಗ ಭಾರ. ಹಗ್ಗ ತುಂಬಿತ್ತು, ಒಂದು ಉಳೀತು. ಅದನ್ನ ಅಕ್ಕಾರು ನಮ್ಮ ನೆಟ್ ವೈರಿನ ಮ್ಯಾಲೆ ಹಾಕಿದ್ರು. ವೈರಿನ ಒಳಗಿನ ಗಾಜಿನ ಎಳಿ ಕೂದಲಿನಂಥಾದ್ದು, ಬಾಗೇ ಬಾಗಿತು. ನೆಟ್ ಹೋತು.

ಮಾಸ್ತರ ಗೇಟಿಗೆ ಬಂದು "ಏನಾತ್ರೀ?" ಅಂದ್ರು. ಟೇಲರ್ ಸಾಹೇಬ್ರು ಟೇಪ್ ಕೊಳ್ಳಾಗ ಹಾಕ್ಕೊಂಡ ಬಂದ್ರು. ಮ್ಯಾಲಿಂದ ಹುಡುಗಾ ಬರಿಗಾಲಿಲೆ ದಡದಡ ಇಳದು ಬಂದ. ಅಂವನ ಕಿವಿ ನಾ ಪೂರಾ ನೋಡಿದ್ದು ಆವತ್ತ.

ಕೇಬಲ್‌ನಾಂವ ಸಂಜಿಮುಂದ ಬರ್ತೇನಿ ಅಂದ. ಉಳಿದಾವ್ರು ಮನಿಗೆ ಹೋದ್ರು. ಹುಡುಗಾ ಎಲ್ಲೆ ಹೋಗ್ತಾನ? ಕಟ್ಟಿ ಮ್ಯಾಲೆ ಕುಂತ. ನಾನು ಲಗೂ ಲಗೂ ಚುರಮರಿ ಕಲಸಿ ಗಿರಮಿಟ್ ಮಾಡಿ ತಂದೆ. ತಿನಕೋತ ತಿನಕೋತ ಬಾಯಿ ಬಿಟ್ಟ. ಹೋದ ಸಲದ ಪರೀಕ್ಷಾದಾಗ ಸ್ವಲ್ಪದರಾಗ ಹೋತಂತ. ಮನಿಗೆ ಫೋನ್ ಮಾಡಿದ್ರ ಅದನ್ನ ಕೇಳ್ತಾರಂತ ಫೋನೂ ಮಾಡೂದಿಲ್ಲಂತ. "ಕ್ಲಾಸಿನ್ಯಾಗ ನಾವು ಬರೇ ಕೇಳೋದು ಕಾಕಾ," ಅಂದ. "ಕೆಲವೊಂದಿನಾ ಸಂಜೀತನಕ ನನ್ನ ದನೀನ ನಾ ಕೇಳಿರೂದಿಲ್ರಿ."

ಮ್ಯಾಲೆ ಒಬ್ಬ, ಕೆಳಗ ಒಬ್ಬ, ನಡುವ ಒಂದು ಸ್ಲ್ಯಾಬು. ಎರಡೂ ಕಡೆ ಅದ ರೋಗ! ಇಬ್ರೂ ಕುಂತು ಅಳೂದು ಬ್ಯಾಡಂತ ಬಸ್ಸಿನ ಕತಿ ತೆಗದೆ. ಕೋಳಿಗೆ ಟಿಕೆಟ್ ಕೇಳಿದ್ದಕ್ಕ ಒಬ್ಬ ಅಜ್ಜಿ ಆ ಕೋಳಿ ನನ್ನ ಕೈಯಾಗ ಕೊಟ್ಟು, "ತಗೋ, ನೀನ ಸಾಕು" ಅಂತ ನವಲೂರಾಗ ಇಳದು ಹೋಗಿದ್ಲು. ಅದನ್ನ ಹೇಳಿದೆ. ಹುಡುಗಾ ಹೊಟ್ಟಿ ಹಿಡಕೊಂಡು ನಕ್ಕ. ನನ್ನ ಮನ್ಯಾಗ ಎರಡು ದನಿ ಕೂಡಿ ನಗೋದು ಕೇಳಿ ಎಷ್ಟು ದಿನಾ ಆಗಿತ್ತೋ.

ಸಂಜೀಕ ಕೇಬಲ್‌ನಾಂವ ಬಂದು ಕೌದಿ ತೆಗದ, ಅಕ್ಕಾರಿಗೆ ಕೈ ಮುಗದ, ಹೋದ. ಹುಡುಗನ ಮೊಬೈಲ್ ಟಿಂಗ್ ಟಿಂಗ್ ಅಂತು. "ಬರ್ತೇನ್ರಿ ಕಾಕಾ" ಅಂತ ಮ್ಯಾಲೆ ಹೋದ. ಮತ್ತ ನಾನು, ಮತ್ತ ಫ್ರಿಜ್ಜು.

ಮುಂದಿನ ಐತಾರ ನನಗ ತಡೀಲಿಲ್ರಿ. ಟ್ರಂಕಿನ್ಯಾಗ ಹೆಂಡ್ತಿ ಹೊಲದ ಕೌದಿ ಇತ್ತು. ಒಗೀಬೇಕು ಅನ್ನುವಂಗೇನೂ ಹೊಲಸಾಗಿರಲಿಲ್ಲ. ತಪ್ಪು ತಿಳೀಬ್ಯಾಡ ಮಾರಾಯ್ತಿ ಅಂತ ಫೋಟೋಕ್ಕ ಹೇಳಿ, ಅದನ್ನ ನೀರಾಗ ಅದ್ದಿ, ಬಕೀಟಿನ್ಯಾಗ ಹಾಕ್ಕೊಂಡು ತೇಕೋತ ಮಾಳಿಗಿ ಹತ್ತಿದೆ.

ಹತ್ತಿ ನೋಡಿದ್ರ ಹುಡುಗಾ ಅಲ್ಲೆ ನಿಂತಾನ! ಅಂವನ ಮುಂದೊಂದು ಬಕೀಟು. ಅದರಾಗ ಊರಿಂದ ತಂದ ಅಂವನ ಕೌದಿ, ನೀರು ಸೋರಾಕತ್ತೇತಿ. ಅಂವಾ ನನ್ನ ಬಕೀಟು ನೋಡಿದ, ನಾ ಅಂವನ ಬಕೀಟು ನೋಡಿದೆ.

"ಹಗ್ಗದ ಮ್ಯಾಲೆ ಬಿಸಲು ಕಮ್ಮಿ ಬೀಳ್ತೈತ್ರಿ ಕಾಕಾ," ಅಂದ.

"ಹೌದ್ಹೌದು. ವೈರಿನ ಮ್ಯಾಲಿನ ಬಿಸಲ ಬ್ಯಾರೆ," ಅಂದೆ.

ಅಂವಾ ಒಂದು ತುದಿ ಹಿಡದ, ನಾ ಒಂದು ತುದಿ ಹಿಡದೆ, ಹಿಂಡಿ ಎರಡೂ ಕೌದಿ ವೈರಿಗೆ ಹಾಕಿದ್ವಿ. ನೆಟ್ ಹೋತು. ಕೆಳಗ ಇಳಿಯೋದ್ರಾಗ ಮಾಸ್ತರ ಅಂಗಳದಾಗಿದ್ರು. ಹಿಂದ ಟೇಲರ್ ಸಾಹೇಬ್ರು. ಏನ ಗದ್ದಲಾ ಅಂತ ನೋಡಾಕ ಬಾಜೂ ಮನಿ ಅಕ್ಕಾರೂ ಚೂಡಾ ಡಬ್ಬಿ ಹಿಡಕೊಂಡ ಬಂದ್ರು. ನಾ ದೊಡ್ಡ ಪಾತೇಲ್ಯಾಗ ಚಹಾಕ್ಕ ಇಟ್ಟೆ. ಕಟ್ಟಿ ಸಾಲಲಿಲ್ಲ, ಒಳಗಿನ ಕುರ್ಚಿ ಹೊರಗ ಬಂದ್ವು.

"ಮೊದಲ ಕೇಬಲ್‌ನಾಂವಗ ಫೋನ್ ಹಚ್ಚರೀ," ಅಂದ್ರು ಮಾಸ್ತರ. ನನ್ನ ಕೈಯಾಗ ಚಹಾದ ಸೋಸಣಿಗಿ ಇತ್ತು. ಹುಡುಗಾನ ಫೋನ್ ಹಚ್ಚಿ, ಎಲ್ಲಾರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದ.

"ವೈರಿನ ಮ್ಯಾಲೆ ಏನರ ಹಾಕೀರೇನ್ರಿ?" ಅಂದ ಕೇಬಲ್‌ನಾಂವ.

"ಏನೂ ಇಲ್ರಿ ಅಣ್ಣಾ," ಅಂದ ಹುಡುಗಾ, ಮುಖಾ ಒಂದೀಟೂ ಅಲಗಲಿಲ್ಲ.

"ಹಂಗಾರ ಇಲ್ಲೇ ಸಾಧನಕೇರಿ ಹತ್ರ ಅದೀನಿ, ಈಗ ಬಂದ ಬಿಡ್ತೇನಿ."

"ಬ್ಯಾಡ್ರಿ ಬ್ಯಾಡ್ರಿ, ಅವಸರ ಏನಿಲ್ಲ," ಅಂದ ಹುಡುಗಾ. "ನಾಳೆ ಸಂಜೀಕ ಬರ್ರಿ. ಎರಡೂ ಇನ್ನೂ ಹಸೀ ಅದಾವು."