ತಲೆ ಆಡಿಸಿದ ಮೇಲೆ ಮಾತಿಲ್ಲ

ವಿಷ್ಣುಮೂರ್ತಿ ಮಾಷ್ಟ್ರು ತಲೆ ಆಡಿಸಿದ್ದು ಕಾದಂಬರಿಗೆ, ಬಂಗುಡೆಗೆ ಅಲ್ಲ. ಈ ಮಾತನ್ನು ಅವರು ಆ ದಿನ ಹನ್ನೊಂದು ಜನರಿಗೆ ಹೇಳಿದರು. ಒಬ್ಬರೂ ನಂಬಲಿಲ್ಲ.

ಕಾಪುವಿನಲ್ಲಿ ಮೂವತ್ತೆರಡು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಮಾಷ್ಟ್ರಿಗೆ ಕಣ್ಣಿನ ಡಾಕ್ಟರು ಓದುವುದನ್ನು ಕಡಿಮೆ ಮಾಡಿ ಎಂದಿದ್ದರು, ಸಕ್ಕರೆ ಕಾಯಿಲೆಯ ಡಾಕ್ಟರು ನಡೆಯುವುದನ್ನು ಜಾಸ್ತಿ ಮಾಡಿ ಎಂದಿದ್ದರು. ಎರಡಕ್ಕೂ ಒಂದೇ ಮದ್ದಾಗಿ ಅವರಿಗೆ ಸಿಕ್ಕಿದ್ದು ಆಡಿಯೋಬುಕ್. ಬೆಳಿಗ್ಗೆ ಆರೂವರೆಗೆ ಕಿವಿಗೆ ಇಯರ್‌ಫೋನ್, ಅದರ ಮೇಲೆ ಮಂಕಿ ಕ್ಯಾಪ್ ಹಾಕಿಕೊಂಡು ಸಮುದ್ರದ ದಂಡೆಗೆ ಹೊರಟರೆ, ದೀಪಸ್ತಂಭ ಬರುವಷ್ಟರಲ್ಲಿ ಹಳೆಯ ಕಾದಂಬರಿಯೊಂದರ ಎರಡು ಅಧ್ಯಾಯ ಮುಗಿಯುತ್ತಿತ್ತು. ಕೇಳಿದ ಪ್ರತಿ ಪುಸ್ತಕದ ಕೆಳಗೂ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಅಭಿಪ್ರಾಯ ಬರೆಯುತ್ತಿದ್ದರು.

ಅಭಿಪ್ರಾಯಗಳಿಗೇನೂ ಬರವಿರಲಿಲ್ಲ. ಬಡಿಸುವವನು ಎಲೆಯ ಮೇಲೆ ಕೂತುಕೊಳ್ಳಬಾರದು, ಓದುವವನೂ ಹಾಗೆಯೇ ಪುಸ್ತಕದಿಂದ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು ಎನ್ನುವುದು ಅವರ ಮೂಲ ಸಿದ್ಧಾಂತ. ನಾಯಕಿ ಅಳುವ ಮೊದಲೇ ಓದುವವರು ಅತ್ತುಬಿಟ್ಟರೆ ಮತ್ತೆ ನಾಯಕಿಗೆ ಎಂತ ಕೆಲಸ? ಒಂದೂವರೆ ಪಟ್ಟು ವೇಗದಲ್ಲಿ ಕೇಳುವುದೆಂದರೆ ಪಾಯಸವನ್ನು ಪೈಪಿನಲ್ಲಿ ಹೀರಿದ ಹಾಗೆ. ಆತ್ಮಕತೆ ಓದುವವರು, ಬರೆದವರು ತಮ್ಮನ್ನೇ ಹೊಗಳಿಕೊಳ್ಳುವ ಜಾಗ ಬಂದಾಗ ಸ್ವರವನ್ನು ಸ್ವಲ್ಪ ತಗ್ಗಿಸಬೇಕು. ನಾಚಿಕೆ ಯಾರಿಗಾದರೂ ಒಬ್ಬರಿಗೆ ಇರಬೇಕಲ್ಲ. ಆದರೆ ಮೆಚ್ಚುವುದರಲ್ಲಿ ಮಾಷ್ಟ್ರು ಜಿಪುಣರಲ್ಲ. ಒಳ್ಳೆಯ ಓದು ಕಿವಿಗೆ ಬಿದ್ದರೆ ಅವರ ತಲೆ ತನ್ನಷ್ಟಕ್ಕೆ ಆಡುತ್ತಿತ್ತು. ತರಗತಿಯಲ್ಲಿ ಇಡೀ ಆಯುಷ್ಯ ಅಡ್ಡಡ್ಡ ಆಡಿದ ತಲೆ ಈಗ ಉದ್ದುದ್ದ ಆಡಿ ಬಾಕಿ ತೀರಿಸುತ್ತಿತ್ತು.

ಈ ಅಭಿಪ್ರಾಯಗಳೇ ಅವರಿಗೆ ಒಂದು ಭಾಗ್ಯವನ್ನೂ ತಂದಿದ್ದವು. ಮರೆತುಹೋದ ಹಳೆಯ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಒಂದು ಸಣ್ಣ ತಂಡ ಮಣಿಪಾಲದಲ್ಲಿತ್ತು. ಅದನ್ನು ನಡೆಸುತ್ತಿದ್ದ ಶರ್ವಾಣಿ ಎಂಬ ಹುಡುಗಿ ಪತ್ರ ಬರೆದಿದ್ದಳು: ‘ಸರ್, ಇಷ್ಟೆಲ್ಲ ಹೇಳುತ್ತೀರಲ್ಲ, ನೀವೇ ಒಮ್ಮೆ ಓದಿ ನೋಡಬಹುದಲ್ಲ? ಶಿರ್ವದ ಸೂಲಗಿತ್ತಿ ತೆರೆಸಾಬಾಯಿಯ ನೆನಪುಗಳ ಪುಸ್ತಕ ಉಂಟು. ಗುರುವಾರ ಹತ್ತು ಗಂಟೆಗೆ ಬನ್ನಿ, ಸ್ವರ ಪರೀಕ್ಷೆ ಮಾಡುವ.’ ಅಂದಿನಿಂದ ಮಾಷ್ಟ್ರು ದಿನಕ್ಕೆ ಮೂರು ಸಲ ಉಪ್ಪುನೀರು ಮುಕ್ಕಳಿಸುತ್ತಿದ್ದರು. ಹೆಂಡತಿ ಸುಭಾಷಿಣಿಯವರ ಹತ್ತಿರ ಮಾತಾಡುವುದನ್ನೂ ಕಡಿಮೆ ಮಾಡಿದ್ದರು, ಸ್ವರ ಸವೆಯಬಾರದೆಂದು. ಜೀವಮಾನದಲ್ಲಿ ಅವರು ಹೀಗೆ ಬಯಸಿದ್ದು ಬೇರೊಂದಿಲ್ಲ.

ಆ ಗುರುವಾರವೇ ಈ ತಲೆ ಆಡಿದ್ದು. ಕಾದಂಬರಿಯಲ್ಲಿ ಸೊಸೆ ಬಾವಿಕಟ್ಟೆಯ ಮೇಲೆ ಕೊಡ ಇಟ್ಟು, ಏನೂ ಹೇಳದೆ ತವರಿನ ದಾರಿ ನೋಡುತ್ತಿದ್ದಳು. ಓದುತ್ತಿದ್ದ ಹೆಂಗಸು ಆ ಜಾಗದಲ್ಲಿ ಒಂದು ಉಸಿರು ನಿಲ್ಲಿಸಿದಳು. ಅಷ್ಟೆ. ಮಾಷ್ಟ್ರ ಕಾಲು ನಿಂತುಹೋಯಿತು. ನಿಂತದ್ದು ಎಲ್ಲಿ ಎಂದು ಅವರು ನೋಡಲಿಲ್ಲ. ‘ಆಹಾ’ ಎಂದು ತಲೆ ಆಡಿಸಿದರು. ಮತ್ತೊಮ್ಮೆ ಆಡಿಸಿದರು. ಮೂರನೆಯ ಸಲ ಕಣ್ಣು ಮುಚ್ಚಿ ಆಡಿಸಿದರು.

ಕಣ್ಣು ಬಿಟ್ಟಾಗ ಕಾಲ ಬಳಿ ಎರಡು ಬುಟ್ಟಿ ಬಂಗುಡೆ ಇತ್ತು. ಸುತ್ತ ಇಪ್ಪತ್ತು ಜನ ಮೀನಿನ ಹೆಂಗಸರು ಅವರನ್ನೇ ನೋಡುತ್ತಿದ್ದರು.

“ಮಾಷ್ಟ್ರಿಗೆ ಆಯ್ತು!” ಎಂದು ಏಲಂ ಕೂಗುವ ಅಣ್ಣು ಕೈ ತಟ್ಟಿದ. ಅವನು ದಂಡೆಯಲ್ಲಿ ಎಲ್ಲರೊಂದಿಗೂ ತುಳು ಮಾತಾಡುವವನು. ಮಾಷ್ಟ್ರ ಹತ್ತಿರ ಮಾತ್ರ ಹಳೆಯ ಹೆದರಿಕೆಯಿಂದ ಪೂರ್ತಿ ಪೂರ್ತಿ ಕನ್ನಡ.

“ಎಂತದು ಆದದ್ದು?”

“ಏಲಂ, ಮಾಷ್ಟ್ರೇ. ನಾನು ಮೂರು ಸಲ ಕೂಗಿದೆ. ನೀವು ಮೂರು ಸಲ ತಲೆ ಆಡಿಸಿದಿರಿ. ಇಲ್ಲಿ ಬಾಯಿ ತೆರೆಯುವ ಕ್ರಮ ಇಲ್ಲ, ತಲೆಯೇ ಮಾತು.”

“ನಾನು ಕಾದಂಬರಿ ಕೇಳ್ತಾ ಇದ್ದೆ ಮಾರಾಯ! ಕಿವಿಯಲ್ಲಿ!”

ಅಣ್ಣು ಮಂಕಿ ಕ್ಯಾಪನ್ನು ನೋಡಿದ. ಅದರಲ್ಲಿ ಕಾದಂಬರಿ ಎಲ್ಲಿಯೂ ಕಾಣಲಿಲ್ಲ. “ತಲೆ ಆಡಿಸಿದ ಮೇಲೆ ಮಾತಿಲ್ಲ ಮಾಷ್ಟ್ರೇ. ದೂಮಪ್ಪಣ್ಣನ ಹೊಸ ದೋಣಿ ಇದು, ಮೊದಲನೇ ಮೀನು. ಇವತ್ತು ಬೇಡ ಅಂತ ಬಿಟ್ಟರೆ ದೋಣಿಗೆ ಒಳ್ಳೆಯದಲ್ಲ.”

ಆಚೆ ಹೊಸ ದೋಣಿಯ ಪಕ್ಕ ದೂಮಪ್ಪ ಕೈಮುಗಿದು ನಿಂತಿದ್ದ. ‘ಊರಿನ ಮಾಷ್ಟ್ರೇ ಮೊದಲ ಮೀನು ಕೊಂಡರು’ ಎಂಬ ಸಂತೋಷಕ್ಕೆ ಅವನ ಕಣ್ಣು ಒದ್ದೆಯಾಗಿತ್ತು. ಆ ಕಣ್ಣಿನ ಎದುರು ‘ಬೇಡ’ ಎನ್ನುವ ಶಕ್ತಿ ಮಾಷ್ಟ್ರಿಗೆ ಬರಲಿಲ್ಲ. ಬೆಳ್ಳುಳ್ಳಿ ಸಹ ಹೊಸ್ತಿಲು ದಾಟದ ಮನೆಯ ಯಜಮಾನರು, ಏಕಾದಶಿಯ ದಿನ, ಎರಡು ಬುಟ್ಟಿ ಬಂಗುಡೆಯ ಒಡೆಯರಾದರು.

ಮೀನು ಕೊಳ್ಳಿರೆಂದು ಅವರು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಮಾಷ್ಟ್ರಿಗೆ ವ್ಯಾಪಾರ ಗೊತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗಿ ಯಾರೂ ಕೊಳ್ಳಲಿಲ್ಲ. ಬದಲಿಗೆ ಮೀನು ಸಾರು ಮಾಡುವ ಕ್ರಮವನ್ನು ಮೂವರು ಪುಕ್ಕಟೆ ಹೇಳಿಕೊಟ್ಟರು. ಅಷ್ಟರಲ್ಲಿ ಮಣಿಪಾಲದ ಎಂಟೂವರೆಯ ಬಸ್ಸು ಹೋಗಿತ್ತು. ಕೊನೆಗೆ ಕರುಣೆ ತೋರಿದವಳು ನಳಿನಾಕ್ಷಿ, ಅವರ ಹಳೆಯ ವಿದ್ಯಾರ್ಥಿನಿ.

“ನಾನು ಮಣಿಪಾಲಕ್ಕೇ ಹೋಗುವುದು ಮಾಷ್ಟ್ರೇ. ನಿಮ್ಮ ಮೀನನ್ನೂ ನಾನೇ ಮಾರಿ ಕೊಡ್ತೇನೆ. ರೂಪೇಶನ ಟೆಂಪೊ ಉಂಟು, ಬನ್ನಿ.”

“ಎದುರು ಕೂತರೆ ಊರಿಡೀ ನೋಡ್ತದಲ್ಲ?”

“ಹಾಗಾದ್ರೆ ಹಿಂದೆ ಬನ್ನಿ. ಟಾರ್ಪಾಲು ಉಂಟು. ಬಂಗುಡೆ ಯಾರಿಗೂ ಹೇಳುವುದಿಲ್ಲ.”

ಹೀಗೆ ಮಾಷ್ಟ್ರು ಟಾರ್ಪಾಲಿನ ಮರೆಯಲ್ಲಿ, ಮಗುಚಿದ ಬುಟ್ಟಿಯ ಮೇಲೆ ಕೂತು ಹೊರಟರು. ಸ್ನಾನವಿಲ್ಲ, ಶಾಲಿಲ್ಲ. ಸ್ವರವಾದರೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು, ಜೇಬಿನಿಂದ ಶರ್ವಾಣಿ ಕಳಿಸಿದ್ದ ಹಾಳೆ ತೆಗೆದು, ಕನ್ನಡಕ ಏರಿಸಿ, ಅಭ್ಯಾಸಕ್ಕೆಂದು ಗಂಟಲು ಸರಿಮಾಡಿಕೊಂಡರು.

“ನಾನು! ಮೊದಲು! ಹಿಡಿದ ಮಗು! ನನ್ನ ತಂಗಿ!”

ಟೆಂಪೊದ ತಗಡು ನಡುಗಿತು. ರೂಪೇಶ ಎದುರಿನಿಂದ “ಎಂತಾಯ್ತು?” ಎಂದು ಕೂಗಿದ.

ನಳಿನಾಕ್ಷಿ ಬಾಯಿಗೆ ಸೆರಗು ಒತ್ತಿಕೊಂಡಳು. “ಮಾಷ್ಟ್ರೇ, ನೀವು ಹೀಗೆ ಕರೆದರೆ ಆ ಮಗು ಹೆದರಿ ಪುನಃ ಒಳಗೇ ಹೋದೀತು.”

“ಇದು ಗಂಭೀರ ಸಾಹಿತ್ಯ. ಸ್ವರಕ್ಕೆ ಒಂದು ತೂಕ ಬೇಕಾಗ್ತದೆ.”

“ತೂಕ ಜಾಸ್ತಿ ಆಯ್ತು ಅಂತ ನನಗೆ. ಇರ್ಲಿ. ಒಂಬತ್ತನೇ ಕ್ಲಾಸಲ್ಲಿ ನಾನು ಪಾಠ ಓದಿದಾಗ ನೀವು ಹೇಳಿದ್ದು ನೆನಪುಂಟಾ? ‘ನಳಿನಾಕ್ಷೀ, ಇದು ಪಾಠ, ಏಲಂ ಅಲ್ಲ.’ ಅದರ ಮೇಲೆ ನಾನು ಜೋರು ಓದಿದ್ದೇ ಇಲ್ಲ.”

ಮಾಷ್ಟ್ರಿಗೆ ನೆನಪಿರಲಿಲ್ಲ. ಹೇಳಿರಬಹುದು ಎಂದು ಅನಿಸಿತು. ಹಾಳೆಯತ್ತ ಮುಖ ತಗ್ಗಿಸಿದರು.

ಉದ್ಯಾವರದಲ್ಲಿ ಟೆಂಪೊ ನಿಂತಿತು. ಮಾಷ್ಟ್ರ ಒಂದು ಬುಟ್ಟಿ ನಿಮಿಷದಲ್ಲಿ ಖಾಲಿಯಾಯಿತು. ಮಾಷ್ಟ್ರ ಮುಖದಲ್ಲಿ ನಗು ಮೂಡುವ ಹೊತ್ತಿಗೆ ಪರಿಚಿತ ಸ್ವರ ಕೇಳಿತು. ಅದು ನೆರೆಮನೆಯ ಕೃಷ್ಣಪ್ರಸಾದರದು. ತಂಗಿಯ ಮನೆಗೆಂದು ಬಂದವರು ಬಸ್ಸಿಗೆ ಕಾಯುತ್ತಿದ್ದರು. ಆಡಿಯೋಬುಕ್ ಎಂದರೆ ಸೋಮಾರಿಗಳ ಸಾಹಿತ್ಯಸೇವೆ ಎಂದು ಮಾಷ್ಟ್ರನ್ನು ದಿನಾ ಕೆಣಕುವ ಮನುಷ್ಯ. ಮಾಷ್ಟ್ರು ಥಟ್ಟನೆ ಬುಟ್ಟಿಯ ಹಿಂದೆ ಬಗ್ಗಿದರು. ಟಾರ್ಪಾಲು ತಲೆಯನ್ನು ಮುಚ್ಚಿತು, ಬೆನ್ನನ್ನು ಮುಚ್ಚಿತು, ಹಳದಿ ದಾರದ ವಾಕಿಂಗ್ ಶೂಗಳನ್ನು ಮುಚ್ಚಲಿಲ್ಲ. ಬಂಗುಡೆಗಳು ಶೂ ಹಾಕುವುದಿಲ್ಲ ಎಂಬಷ್ಟು ತಿಳಿವಳಿಕೆ ಕೃಷ್ಣಪ್ರಸಾದರಿಗಿತ್ತು.

ಟೆಂಪೊ ಉಡುಪಿ ತಲುಪುವ ಮೊದಲೇ ಸುಭಾಷಿಣಿಯವರ ಫೋನು ಬಂತು.

“ನೀವು ಮೀನಿನ ಗಾಡಿಯಲ್ಲಿ ಮಲಗಿದ್ದೀರಂತೆ, ಹೌದಾ?”

“ಮಲಗಿದ್ದಲ್ಲ. ಬಗ್ಗಿದ್ದು.”

“ಮೀನಿನ ಗಾಡಿ ಅಲ್ಲ ಅಂತ ನೀವು ಹೇಳ್ಲಿಲ್ಲ.”

“ಸುಭಾಷಿಣೀ, ನಾನು ತಲೆ ಆಡಿಸಿದ್ದು ಕಾದಂಬರಿಗೆ.”

“ಇವತ್ತು ಏಕಾದಶಿ ಮಾರಾಯ್ರೆ! ಹಸಿವಾದ್ರೆ ಹೇಳ್ಬಹುದಿತ್ತು, ಅವಲಕ್ಕಿ ಮಾಡಿ ಕೊಡ್ತಿದ್ದೆ!”

ಮಣಿಪಾಲದಲ್ಲಿ ಇಳಿಯುವಾಗ ಹತ್ತಕ್ಕೆ ಐದು ನಿಮಿಷ. ಮಾಷ್ಟ್ರು ಮೂಗು ಮುಟ್ಟಿಕೊಂಡರು, ಕನ್ನಡಕ ಇರಲಿಲ್ಲ. ಉದ್ಯಾವರದಲ್ಲಿ ಬಗ್ಗಿದಾಗ ಉಳಿದ ಬುಟ್ಟಿಯೊಳಗೆ ಬಿದ್ದಿತ್ತು.

“ನೀವು ಮೇಲೆ ಹೋಗಿ, ನಾನು ಹುಡುಕಿ ತರ್ತೇನೆ,” ಎಂದು ನಳಿನಾಕ್ಷಿ ಬುಟ್ಟಿಗೆ ಕೈ ಹಾಕಿದಳು.

ಮೇಲಿನ ಮಹಡಿಯ ಗಾಜಿನ ಕೋಣೆಯಲ್ಲಿ ಮಾಷ್ಟ್ರು ಮೈಕಿನ ಎದುರು ಕೂತರು. ಶರ್ವಾಣಿ ತುಂಬ ಮರ್ಯಾದೆಯ ಹುಡುಗಿ. ಫ್ಯಾನನ್ನು ಇನ್ನೂ ಎರಡು ಸುತ್ತು ಜೋರು ಮಾಡಿದಳೇ ಹೊರತು ವಾಸನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಷ್ಟರಲ್ಲಿ ನಳಿನಾಕ್ಷಿ ಕನ್ನಡಕ ತಂದಳು. ಒಂದು ಗಾಜು ಐಸಿಗೆ ತಾಗಿ ಒಡೆದಿತ್ತು. ಇನ್ನೊಂದನ್ನು ಎಷ್ಟು ಒರೆಸಿದರೂ ಲೋಕವೆಲ್ಲ ಬಂಗುಡೆಯ ಎಣ್ಣೆಯೊಳಗಿಂದ ಕಂಡ ಹಾಗೆ ಕಾಣುತ್ತಿತ್ತು.

“ಇನ್ನೊಂದು ದಿನ ಬನ್ನಿ ಸರ್,” ಎಂದಳು ಶರ್ವಾಣಿ.

ಹತ್ತು ದಿನದ ಉಪ್ಪುನೀರು ಮಾಷ್ಟ್ರ ಗಂಟಲಿಗೆ ಬಂತು. “ಬೇಡ. ಇವಳು ಒಂದೊಂದೇ ಸಾಲು ಹೇಳಿಕೊಡ್ತಾಳೆ. ಅದನ್ನು ನಾನು ಸರಿಯಾಗಿ ಓದ್ತೇನೆ. ಕೂತ್ಕೊ ನಳಿನಾಕ್ಷೀ. ಐದೇ ನಿಮಿಷ.”

ಇಬ್ಬರ ಕಿವಿಗೂ ದಪ್ಪ ಹೆಡ್‌ಫೋನು ಏರಿತು. ಮಾಷ್ಟ್ರು ಹೇಳಿಕೊಡುವುದು, ಮಕ್ಕಳು ಒಪ್ಪಿಸುವುದು ಎಂಬ ಮೂವತ್ತೆರಡು ವರ್ಷದ ಪದ್ಧತಿ ಇಂದು ಮಗುಚಿತ್ತು. ನಳಿನಾಕ್ಷಿ ಮೇಜಿನ ಮೇಲಿದ್ದ ಪುಸ್ತಕ ಹಿಡಿದು, ದಂಡೆಯಲ್ಲಿ ಪಕ್ಕದವಳಿಗೆ ಗುಟ್ಟು ಹೇಳುವ ಹಾಗೆ ಮೆಲ್ಲಗೆ ಓದಿದಳು: “ನಾನು ಮೊದಲು ಹಿಡಿದ ಮಗು ನನ್ನ ತಂಗಿ. ಆಗ ನನಗೆ ಹನ್ನೊಂದು ವರ್ಷ. ಅಮ್ಮ ಹೇಳಿದರು, ಅಳಬೇಡ, ಕೈ ನಡುಗ್ತದೆ.”

ಮಾಷ್ಟ್ರು ಆ ಸಾಲನ್ನು ಪುನಃ ಹೇಳಬೇಕಿತ್ತು. ಬಾಯಿಯನ್ನೂ ತೆರೆದಿದ್ದರು. ಆದರೆ ‘ಅಳಬೇಡ’ ಎಂಬಲ್ಲಿ ಅವಳು ಅಳಲಿಲ್ಲ, ಅಳಿಸಲೂ ಹೋಗಲಿಲ್ಲ; ಒಂದು ಉಸಿರು ನಿಲ್ಲಿಸಿ ಮುಂದೆ ಹೋದಳು. ಬಡಿಸಿದಳು, ಎಲೆಯಿಂದ ಹಿಂದೆ ಸರಿದಳು. ಮಾಷ್ಟ್ರು ತೆರೆದ ಬಾಯಿಯನ್ನು ಹಾಗೆಯೇ ಮರೆತರು. ಅವಳೂ ನಿಲ್ಲುವುದನ್ನು ಮರೆತಳು. ತೆರೆಸಾಬಾಯಿ ದೊಡ್ಡವಳಾದಳು, ಕೊಡೆ ಹಿಡಿದು ಗದ್ದೆಯಂಚಿನಲ್ಲಿ ನಡೆದಳು, ಜಗಳ ಮಾಡಿದಳು. ಜಗಳ ಬಂದಲ್ಲಿ ನಳಿನಾಕ್ಷಿಯ ಏಲಮ್ಮಿನ ಸ್ವರ ಒಂದೇ ಒಂದು ಸಲ ಮೇಲೆದ್ದು ಕೂತಿತು. ಬಸುರಿಯೊಬ್ಬಳನ್ನು ಕರಕೊಂಡು ತುಂಬಿದ ಹೊಳೆ ದಾಟುವಾಗ ನಡುನೀರಿನಲ್ಲಿ ದೋಣಿಯ ಹುಟ್ಟು ಮುರಿಯಿತು. ಅಲ್ಲಿಗೆ ಅಧ್ಯಾಯ ಮುಗಿಯಿತು.

ಅಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ಮಾಷ್ಟ್ರು ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದರು.

ಹೆಡ್‌ಫೋನು ತೆಗೆದಾಗ ಶರ್ವಾಣಿ ಎದುರು ನಿಂತಿದ್ದಳು. “ತುಂಬ ದೊಡ್ಡ ಮನಸ್ಸು ಸರ್ ನಿಮ್ಮದು. ಬೇರೆಯವರಾಗಿದ್ರೆ ಬೇಸರ ಮಾಡ್ಕೊಳ್ತಿದ್ರು.”

“ಎಂತಕ್ಕೆ?”

“ಇಡೀ ಪುಸ್ತಕ ಇವರೇ ಓದ್ಲಿ, ನಿಮ್ಮ ಒಪ್ಪಿಗೆ ಉಂಟಾ ಅಂತ ಕೇಳಿದೆನಲ್ಲ. ಗಾಜಿನ ಆಚೆಯಿಂದ ಮೂರು ಸಲ ಕೇಳಿದೆ. ಮೂರು ಸಲವೂ ತಲೆ ಆಡಿಸಿದ್ರಿ.”

“ನಾನು ತಲೆ ಆಡಿಸಿದ್ದು...” ಎಂದು ಶುರುಮಾಡಿದ ಮಾಷ್ಟ್ರು ಅಲ್ಲಿಗೇ ನಿಲ್ಲಿಸಿದರು. ಆಡಿಸಿದ್ದು ಇವಳ ಓದಿಗೆ ಎಂದು ಹೇಳಬೇಕಿತ್ತು. ಹೇಳಿದರೆ ಅದೂ ಒಪ್ಪಿಗೆಯೇ ಆಗುತ್ತಿತ್ತು. ನಲವತ್ತು ಪುಸ್ತಕಗಳ ಕೆಳಗೆ ತಾವೇ ಬರೆದ ಅಭಿಪ್ರಾಯಗಳು ಸಾಲಾಗಿ ನಿಂತು ನಳಿನಾಕ್ಷಿಯ ಪರವಾಗಿ ಸಾಕ್ಷಿ ಹೇಳುತ್ತಿದ್ದವು.

“ತಲೆ ಆಡಿಸಿದ ಮೇಲೆ ಮಾತಿಲ್ಲ ಮಾಷ್ಟ್ರೇ,” ಎಂದಳು ನಳಿನಾಕ್ಷಿ, ನಗುತ್ತಲೂ ಅಲ್ಲ, ಅಳುತ್ತಲೂ ಅಲ್ಲ. ಆಮೇಲೆ ಹಣೆಗೆ ಕೈ ಹೊಡೆದುಕೊಂಡಳು. “ಅಯ್ಯೋ, ನಿಮ್ಮ ಇನ್ನೊಂದು ಬುಟ್ಟಿ! ಮಾರ್ಲೇ ಇಲ್ಲ!”

ಕಿಟಕಿಯಿಂದ ನೋಡಿದರೆ ಕೆಳಗೆ ಟೆಂಪೊ ಇರಲಿಲ್ಲ. ರೂಪೇಶನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಮಾಷ್ಟ್ರು ಇದ್ದಾರೆಂದು ಗೊತ್ತಾಗಿ ಅವನು ಶುದ್ಧ ಕನ್ನಡದಲ್ಲೇ ವರದಿ ಒಪ್ಪಿಸಿದ.

“ನಾನು ಕಾಪುವಿನಲ್ಲಿದ್ದೇನೆ ಅಕ್ಕ. ಎರಡನೇ ಟ್ರಿಪ್ಪಿಗೆ ಹೊತ್ತಾಗಿತ್ತು. ನಿಮ್ಮ ಬುಟ್ಟಿಗಳನ್ನು ಮಾರ್ಕೆಟಿನಲ್ಲಿ ಇಳಿಸಿದೆ. ಉಳಿದ ಬುಟ್ಟಿಯನ್ನು ಮಾಷ್ಟ್ರ ಮನೆಗೆ ಇಳಿಸಲಿಕ್ಕಾ ಅಂತ ಗಾಜಿನ ಹೊರಗಿನಿಂದ ಕೈ ಮಾಡಿ ಕೇಳಿದೆ. ಮಾಷ್ಟ್ರು ತಲೆ ಆಡಿಸಿದರು. ಜಗಲಿಯಲ್ಲಿ ಇಟ್ಟಿದ್ದೇನೆ, ತುಳಸಿಕಟ್ಟೆಯ ಹತ್ತಿರ, ನೆರಳುಂಟು. ಅಮ್ಮ ಏನೋ ಹೇಳುತ್ತಿದ್ದಾರೆ. ನನಗಲ್ಲ ಅಂತ ಕಾಣುತ್ತದೆ.”

ಆ ಕರೆ ಕಡಿಯುವ ಮೊದಲೇ ಮಾಷ್ಟ್ರ ಫೋನು ಅದುರಿತು. ಒಂದು ಗಾಜಿನ ಕನ್ನಡಕದಲ್ಲಿಯೂ ಸುಭಾಷಿಣಿಯವರ ಹೆಸರು ಸ್ಪಷ್ಟವಾಗಿ ಕಂಡಿತು. ಮಾಷ್ಟ್ರು ಫೋನನ್ನು ಮೇಜಿನ ಮೇಲೆ ಕವುಚಿಟ್ಟು, ಹೆಡ್‌ಫೋನನ್ನು ಪುನಃ ಕಿವಿಗೆ ಏರಿಸಿಕೊಂಡರು.

“ನಳಿನಾಕ್ಷೀ, ಆ ದೋಣಿ ದಡ ಮುಟ್ಟಿತಾ ಇಲ್ವಾ? ಮುಂದಿನದು ಓದು ಮಾರಾಯ್ತಿ.”

ನಳಿನಾಕ್ಷಿ ಹಾಳೆ ತಿರುವಿದಳು. ಮೇಜಿನ ಮೇಲೆ ಫೋನು, ಈಗಷ್ಟೇ ಬಲೆಯಿಂದ ಉದುರಿದ ಬಂಗುಡೆಯ ಹಾಗೆ ಪಟಪಟ ಒದ್ದಾಡುತ್ತಿತ್ತು.